ಗೇರ್‌ಬಾಕ್ಸಿನ ಕೆಂಪು ಸೀಲು

ಬ್ಯಾಟರಿಗೆ ಅಂಗಡಿಯ ಒಂದು ತಿಂಗಳ ಬಾಡಿಗೆ ಹೋಯಿತು. ಸ್ಟಾರ್ಟರ್ ಮೋಟರಿಗೆ, ಅಕ್ಕ ಫ್ರಿಜ್ಜಿಗೆಂದು ಎತ್ತಿಟ್ಟಿದ್ದರಲ್ಲಿ ಮುಕ್ಕಾಲು ಪಾಲು. ಕೀಲಿ ಹಾಕುವ ಸ್ವಿಚ್ಚು, ಬೆರಳು ದಪ್ಪದ ಕೇಬಲ್ಲು, ಅವುಗಳ ಬೆನ್ನಿಗೇ ಬಂದ ಚಿಲ್ಲರೆ ಸಾಮಾನು ಎಲ್ಲ ಸೇರಿ ಭಾವನ ಹೊಸ ಕನ್ನಡಕವನ್ನು ಮುಂದಿನ ವರ್ಷಕ್ಕೆ ತಳ್ಳಿದವು. ಇಷ್ಟೆಲ್ಲ ತಿಂದರೂ ಆ ಹಳೇ ಸ್ಪೋರ್ಟ್ಸ್ ಕಾರು ಸ್ಟಾರ್ಟ್ ಆಗುತ್ತಿದ್ದದ್ದು ತನಗೆ ಮನಸ್ಸು ಬಂದಾಗ ಮಾತ್ರ. ಬೆಳಿಗ್ಗೆ ಒಂದಿಷ್ಟು ಗೊಣಗಿ ಹೊರಡುತ್ತಿತ್ತು. ಎಲ್ಲಿಗಾದರೂ ಹೋಗಿ, ನಿಲ್ಲಿಸಿ, ಕೆಲಸ ಮುಗಿಸಿ ಬಂದು ಕೀಲಿ ತಿರುಗಿಸಿದರೆ ‘ಟಕ್’ ಎಂದು ಒಂದು ಸದ್ದು, ಅಷ್ಟೇ. ಆಮೇಲೆ ಇಳಿದು ತಳ್ಳುವುದು.

“ಏನ್ ಭಾವ, ಕಾರಿಗೆ ವಾಕಿಂಗ್ ಮಾಡಿಸ್ತಾ ಇದೀರಾ?” ಎಂದು ಸ್ಟ್ಯಾಂಡಿನ ಟ್ಯಾಕ್ಸಿಯವರು ಕೂಗುತ್ತಿದ್ದರು. ಅವನು ನಿಜವಾಗಿ ಭಾವನಾಗಬೇಕಾದದ್ದು ಒಬ್ಬನಿಗೇ, ಹೆಂಡತಿಯ ತಮ್ಮನಿಗೆ. ಆದರೆ ಆ ತಮ್ಮ ಅಂಗಡಿಯಲ್ಲಿ ದಿನವಿಡೀ ‘ಭಾವ, ಭಾವ’ ಎಂದು ಕರೆಯುವುದನ್ನು ಕೇಳಿ ಕೇಳಿ ಇಡೀ ಬೀದಿಗೆ ಅವನು ಭಾವನಾಗಿದ್ದ.

ಅಂಗಡಿ ಎಂದರೆ ಟ್ಯಾಕ್ಸಿ ಮೀಟರ್ ರಿಪೇರಿಯದು. ಮೂವರೂ ಅಲ್ಲೇ ಕೆಲಸ ಮಾಡುತ್ತಿದ್ದರು. ತಮ್ಮ ಮೀಟರು ಬಿಚ್ಚುತ್ತಿದ್ದ, ಅವನ ಅಕ್ಕ, ಅಂದರೆ ಭಾವನ ಹೆಂಡತಿ, ಮಲ್ಟಿಮೀಟರ್ ಹಿಡಿದು ಎಲ್ಲಿ ತಂತಿ ಸತ್ತಿದೆ ಎಂದು ನೋಡುತ್ತಿದ್ದಳು, ಭಾವ ಕೊನೆಗೆ ಸೀಲು ಹಾಕುತ್ತಿದ್ದ. ಸೀಲು ಹಾಕುವುದರಲ್ಲಿ ಅವನದು ಬೇರೆಯದೇ ಕ್ರಮ. ಉಳಿದವರು ತಿರುಪಿನ ತಲೆಯ ಮೇಲೆ ಒಂದು ಹನಿ ಕೆಂಪು ಮೆರುಗೆಣ್ಣೆ ಇಟ್ಟು ಸುಮ್ಮನಾಗುತ್ತಾರೆ. ಚಾಲಾಕಿ ಡ್ರೈವರುಗಳು ಆ ಹನಿಯನ್ನು ಬ್ಲೇಡಿನಿಂದ ಇಡಿಯಾಗಿ ಎಬ್ಬಿಸಿ, ಮೀಟರು ವೇಗವಾಗಿ ಓಡುವಂತೆ ಒಳಗಿನ ಹಲ್ಲುಚಕ್ರ ಬದಲಾಯಿಸಿ, ಹನಿಯನ್ನು ಮತ್ತೆ ಅಂಟಿಸುತ್ತಾರೆ. ಅದಕ್ಕೆ ಭಾವ ತಿರುಪನ್ನೂ ಅದರ ಕೆಳಗಿನ ಬಿಲ್ಲೆಯನ್ನೂ ಮೆರುಗೆಣ್ಣೆಯಲ್ಲಿ ಪೂರ್ತಿ ಅದ್ದಿ ಬಿಗಿಯುತ್ತಿದ್ದ. ಮೇಲೆ ಮತ್ತೊಂದು ಹನಿ ಇಟ್ಟು ತನ್ನ ಮೀಸೆಯ ಬಿಳಿ ಕೂದಲೊಂದನ್ನು ಅದರೊಳಗೆ ಕೂರಿಸುತ್ತಿದ್ದ. “ಬಣ್ಣ ಯಾರ ಹತ್ರನೂ ಸಿಗುತ್ತೆ. ನನ್ನ ಮೀಸೆ ಎಲ್ಲಿಂದ ತರ್ತಾರೆ?” ಎನ್ನುತ್ತಿದ್ದ. ಮೋಸಗಾರರ ಜೊತೆಯೇ ಬದುಕು ಸವೆಸಿದವನಿಗೆ ಮನೆಗೆ ಬಂದಮೇಲೂ ಆ ಕಣ್ಣು ಮುಚ್ಚುತ್ತಿರಲಿಲ್ಲ. ಹಾಲಿನವಳು ಅಳತೆ ಸರಿಯಾಗಿ ಕೊಟ್ಟರೆ ಇವತ್ತೇಕೆ ಸರಿಯಾಗಿ ಕೊಟ್ಟಳು ಎಂದು ಯೋಚಿಸುತ್ತಿದ್ದ.

ಕಾರು ಭಾವ ಮತ್ತು ತಮ್ಮ ಸಮಪಾಲು ಹಾಕಿ ಕೊಂಡದ್ದು. ಉದ್ದ ಮೂತಿ, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ. ಅದರಲ್ಲಿ ಕೂರುವುದೆಂದರೆ ಸ್ನಾನದ ತೊಟ್ಟಿಗೆ ಇಳಿದ ಹಾಗೆ. ಕೊಂಡ ಹೊಸತರಲ್ಲಿ ಚೆನ್ನಾಗಿಯೇ ಓಡಿತು. ಭಾವ, ಭಾಮೈದ ಒಟ್ಟಿಗೆ ಕೂತು ಹೋಗುತ್ತಿದ್ದರು. ಬಂದಮೇಲೆ ಒಟ್ಟಿಗೆ ಒರೆಸುತ್ತಿದ್ದರು.

ಆಮೇಲೊಂದು ದಿನ ಬ್ಯಾಟರಿ ಅಂಗಡಿಯ ಕುಳ್ಳ ಒಂದು ಮಾತು ಬಿಟ್ಟ. “ಭಾವ, ಈ ಕಾರಿನ ಗೇರ್‌ಬಾಕ್ಸು ಈಗ ಎಲ್ಲೂ ತಯಾರಾಗಲ್ಲ. ಅದೊಂದಕ್ಕೇ ಕಾರಿನಷ್ಟು ಬೆಲೆ ಇದೆ. ಕೆಟ್ಟಿದ್ದನ್ನ ಕೂರಿಸಿ ಒಳ್ಳೇದನ್ನ ಎತ್ಕೊಂಡು ಹೋದ್ರೆ ನಿಮಗೆ ಗೊತ್ತೂ ಆಗಲ್ಲ.”

ಕುಳ್ಳ ಅದನ್ನು ಸುಮ್ಮನೆ ಬಾಯಿಚಪಲಕ್ಕೆ ಹೇಳಿದ್ದ. ಆದರೆ ಭಾವನಿಗೆ ಅಂದು ಊಟ ಸೇರಲಿಲ್ಲ. ಕಾರಿನ ಕೆಳಗೆ ಮಲಗಿ ಕೆಲಸ ಮಾಡುವವನು ಮನೆಯಲ್ಲಿ ತಮ್ಮ ಒಬ್ಬನೇ. ಅವನು ಗೆಳೆಯನ ಮದುವೆಗೆ ಹೋಗಿದ್ದಾಗ ಭಾವ ಕಾರನ್ನು ಜ್ಯಾಕಿನ ಮೇಲೆ ಎತ್ತಿ, ಗೇರ್‌ಬಾಕ್ಸಿನ ಸುತ್ತಲ ಬೋಲ್ಟುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ, ಮೆರುಗೆಣ್ಣೆಯಲ್ಲಿ ಅದ್ದಿ, ಮತ್ತೆ ಬಿಗಿದ. ಹೆಂಡತಿಗೆ ಮಾತ್ರ ಹೇಳಿದ. “ಅವನಿಗೆ ಹೇಳಬೇಡ. ಕಳ್ಳ ಅಲ್ಲದಿದ್ರೆ ಅವನಿಗೆ ಇದರಿಂದ ನಷ್ಟ ಏನು?”

ಅಕ್ಕ ಹೇಳಲಿಲ್ಲ. ಹೇಳದೆ ಇದ್ದರೆ ತಣ್ಣಗಾಗುತ್ತದೆ ಎಂದುಕೊಂಡಳು.

ಅದಾದ ಮೇಲೆ ಕಾರಿನ ತಕರಾರು ಶುರುವಾಯಿತು. ತಮ್ಮ ಬ್ಯಾಟರಿ ಬದಲಾಯಿಸಿದ, ಸರಿಹೋಗಲಿಲ್ಲ. ಕೇಬಲ್ಲು ಬದಲಾಯಿಸಿದ, ಸ್ವಿಚ್ಚು ಬದಲಾಯಿಸಿದ, ಸ್ಟಾರ್ಟರನ್ನೇ ಬದಲಾಯಿಸಿದ. ಪ್ರತಿ ಸಲವೂ ಭಾವ ಟಾರ್ಚು ಹಿಡಿದು ಕಾರಿನ ಕೆಳಗೆ ಇಣುಕಿ ಬರುತ್ತಿದ್ದ. ಸೀಲುಗಳು ಹಾಗೇ ಇದ್ದವು. ಬೇರೆಯವನಾದರೆ ಸಮಾಧಾನಪಡುತ್ತಿದ್ದ. ಭಾವನಿಗೆ ಅದೇ ಹೊಸ ಅನುಮಾನಕ್ಕೆ ದಾರಿಯಾಯಿತು. ಗೇರ್‌ಬಾಕ್ಸಿಗೆ ಕೈ ಹಾಕಿಲ್ಲ ಎಂದರೆ ಸಾಮಾನು ಕೊಳ್ಳುವುದರಲ್ಲಿ ಹೊಡೆಯುತ್ತಿದ್ದಾನೆ. ಕೊಳ್ಳುವುದು ನಿಲ್ಲಬಾರದೆಂದೇ ಕಾರನ್ನು ಕೆಡಿಸುತ್ತಿದ್ದಾನೆ.

“ಸ್ಟಾರ್ಟರು ಅವನು ತಂದದ್ದು ಹಳೇದಂತೆ. ರಿಪೇರಿ ಮಾಡಿ ಮಾರೋ ಮಾಲು. ಅರ್ಧ ಬೆಲೆ. ಕುಳ್ಳ ಹೇಳಿದ,” ಎಂದ ಭಾವ ಒಂದು ಸಂಜೆ, ಅಕ್ಕ ಪಾತ್ರೆ ತೊಳೆಯುತ್ತಿದ್ದಾಗ.

“ಕುಳ್ಳ ಹೇಳಿದ್ದನ್ನೆಲ್ಲ ಹೊಟ್ಟೆಗೆ ಹಾಕ್ಕೋತೀರಲ್ಲ. ನನ್ನ ತಮ್ಮನನ್ನೇ ಕೇಳಬಾರದಾ?”

“ಕೇಳಿದ್ರೆ ಎಚ್ಚರ ಆಗಿಬಿಡ್ತಾನೆ.” ಭಾವ ದನಿ ತಗ್ಗಿಸಿದ. “ಭಾನುವಾರ ಅವನ ಮುಂದೆಯೇ ಪೇಟೆ ಸುತ್ತಿ ಬಂದು ನಿಲ್ಲಿಸಿ, ಕೀಲಿ ತಿರುಗಿಸ್ತೀನಿ. ಸ್ಟಾರ್ಟ್ ಆಗಲಿಲ್ವಾ, ಅಂಗಡಿ ಕೀ ವಾಪಸ್ ಇಸ್ಕೊಂಡು, ‘ನಿನ್ನ ದಾರಿ ನೀನು ನೋಡ್ಕೋ’ ಅಂತೀನಿ. ಅಳಬೇಡ ಆಮೇಲೆ.”

ತಾಯಿ ಹೋದಾಗ ತಮ್ಮನಿಗೆ ಹಾಲುಹಲ್ಲೂ ಬಿದ್ದಿರಲಿಲ್ಲ. ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ಮದುವೆಯಾಗುವಾಗ ‘ಇವನೂ ನನ್ನ ಜೊತೆ ಬರ್ತಾನೆ’ ಎಂಬ ಒಂದೇ ಷರತ್ತು ಹಾಕಿದ್ದಳು.

ಮರುದಿನ ಭಾವ ಮೀಟರುಗಳ ಚೀಲ ಹೊತ್ತು ತಪಾಸಣೆ ಕಚೇರಿಗೆ ಹೋದ. ಅಕ್ಕ ಮಧ್ಯಾಹ್ನ ಮನೆಗೆ ಬಂದರೆ ಶೆಡ್ಡಿನ ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ತಮ್ಮ ಬಾನೆಟ್ಟಿನೊಳಗೆ ಬಾಗಿ, ಬ್ಯಾಟರಿಯ ಕೇಬಲ್ಲು ಕಳಚಿ ಬಟ್ಟೆಯಲ್ಲಿ ಸುತ್ತುತ್ತಿದ್ದ. ಅವಳನ್ನು ಕಂಡು ಬೆಚ್ಚಿಬಿದ್ದ. ಒಂದು ಗಳಿಗೆ ಅವಳ ಎದೆಯಲ್ಲೂ ಗಂಡನ ಮಾತೇ ಹೊಕ್ಕು ಕೂತಿತು.

“ಏನೋ ಮಾಡ್ತಿದೀಯ?”

“ಏನಿಲ್ಲ.”

“ಏನಿಲ್ಲದಕ್ಕೆ ಬಾಗಿಲು ಯಾಕೆ ಮುಚ್ಚಿದ್ದು?”

ತಮ್ಮ ಕೈ ಒರೆಸಿಕೊಂಡ. “ಅಕ್ಕ, ನಾನಿಲ್ಲದಾಗ ಯಾರೋ ಈ ಕಾರಿಗೆ ಕೈ ಹಾಕ್ತಾರೆ. ಜ್ಯಾಕು ಇಟ್ಟಲ್ಲಿ ಇರಲ್ಲ. ಟಾರ್ಚಿಗೆ ಗ್ರೀಸು ಮೆತ್ತಿರುತ್ತೆ. ಯಾರು ಅಂತ ಹೇಳಕ್ಕೆ ನನಗೆ ನಾಚಿಕೆ. ಕೇಬಲ್ಲು ತೆಗೆದಿಟ್ರೆ ನಾಳೆ ಯಾರು ‘ಕಾರು ಸತ್ತೋಯ್ತು’ ಅಂತ ಕೂಗ್ತಾರೆ ನೋಡೋಣ ಅಂತ.”

“ಭಾವನ ಮೇಲೆ ಅನುಮಾನಾನಾ?”

“ನನಗೆ ಯಾರ ಮೇಲೆ ಅಂತ ಗೊತ್ತಿಲ್ಲ. ನಿನಗೇನಾದ್ರೂ ಗೊತ್ತಾ?”

“ನನಗೇನು ಗೊತ್ತಿರುತ್ತೆ?” ಎಂದಳು. ಎಂದವಳೇ ಮುಖ ತಿರುಗಿಸಿ ಒಳಗಿನಿಂದ ಮಲ್ಟಿಮೀಟರ್ ತಂದಳು. ಇವರಿಬ್ಬರೂ ಮನುಷ್ಯರನ್ನೇ ಪರೀಕ್ಷೆ ಮಾಡುತ್ತಾ ಕೂತರೆ ಭಾನುವಾರ ಬಂದೇ ಬಿಡುತ್ತದೆ. “ಕೇಬಲ್ಲು ಹಾಕು. ಎರಡು ಸುತ್ತು ಹೊಡ್ಕೊಂಡು ಬಾ. ಎಂಜಿನ್ನು ಕಾಯಲಿ.”

ಅವನು ಹೋಗಿ ಬಂದ. ಶೆಡ್ಡಿನಲ್ಲಿ ಗೋಡೆಗೆ ಮೂತಿ ಮಾಡಿ ನಿಲ್ಲಿಸಿ, ಆರಿಸಿದ. ಅಕ್ಕ ಹೆಡ್‌ಲೈಟು ಹಾಕಲು ಹೇಳಿದಳು. ಗೋಡೆಯ ಮೇಲೆ ಎರಡು ಬೆಳಕಿನ ರೊಟ್ಟಿ ಮೂಡಿದವು.

“ಈಗ ತಿರುಗಿಸು.”

ಟಕ್. ಸ್ಟಾರ್ಟರು ತಿರುಗಲಿಲ್ಲ. ಆದರೆ ಗೋಡೆಯ ಬೆಳಕು ಅಷ್ಟೇನೂ ಮಂಕಾಗಲಿಲ್ಲ.

“ಬ್ಯಾಟರಿ ಸತ್ತಿದ್ರೆ ದೀಪ ಕಣ್ಣು ಮುಚ್ಚಬೇಕಿತ್ತು,” ಎಂದಳು ಅಕ್ಕ. ಬ್ಯಾಟರಿಯ ಎರಡು ತುದಿಗೂ ಮೀಟರ್ ಹಿಡಿದು ನೋಡಿದಳು. ಗಟ್ಟಿಯಾಗಿತ್ತು. “ಸ್ಟಾರ್ಟರು ಕೇಳಿದಷ್ಟು ಕರೆಂಟು ಇಲ್ಲಿಂದ ಹೋಗ್ತಾನೇ ಇಲ್ಲ. ಇನ್ನೊಂದು ಸಲ ತಿರುಗಿಸು. ಹಿಡ್ಕೊಂಡೇ ಇರು.”

ಅವನು ಕೀಲಿ ಹಿಡಿದಿದ್ದಾಗ ಅವಳು ಒಳಗೆ ಬಾಗಿ ಡ್ಯಾಶ್‌ಬೋರ್ಡಿನ ಕೆಳಗೆ ಕೈ ಚಾಚಿದಳು, ಸ್ವಿಚ್ಚಿನ ತಂತಿ ಅಲ್ಲಾಡುತ್ತದೋ ಎಂದು. ಬೆರಳು ಚೋಕಿನ ಕೇಬಲ್ಲಿಗೆ ತಾಗಿತು. “ಅಯ್ಯೋ!” ಎಂದು ಕೈ ಎಳೆದುಕೊಂಡಳು.

“ಏನಾಯ್ತು?”

“ಬಿಸಿ ಕಣೋ! ಮುಟ್ಟಿ ನೋಡು.”

“ಎಂಜಿನ್ ಕಾವು ಇರಬೇಕು.”

“ಎಂಜಿನ್ ಕಾವು ಇಲ್ಲಿವರೆಗೆ ಬರುತ್ತಾ? ಪಕ್ಕದ ಪೈಪು ತಣ್ಣಗಿದೆ.” ಅವಳು ಬೆರಳು ಬಾಯಿಗಿಟ್ಟುಕೊಂಡು ಯೋಚಿಸಿದಳು. ಎಂಜಿನ್ನಿನಿಂದ ಬಂದು ಕಾರಿನ ಮೈಗೆ ಸೇರುವ ಬಡಪಾಯಿ ತಂತಿ ಅದು, ಚೋಕ್ ಎಳೆಯುವುದಕ್ಕಷ್ಟೇ ಇರುವುದು, ಕರೆಂಟಿಗಲ್ಲ. ಅದರಲ್ಲಿ ಕರೆಂಟು ಹರಿಯುತ್ತಿದೆ ಎಂದರೆ, ಅದಕ್ಕೆ ಮನೆಗೆ ಮರಳಲು ಮುಂಬಾಗಿಲು ಸಿಗುತ್ತಿಲ್ಲ, ಹಿತ್ತಿಲ ಕಿಂಡಿಯಲ್ಲಿ ನುಸುಳುತ್ತಿದೆ.

ಮೀಟರಿನ ಒಂದು ಕಡ್ಡಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಕಾರಿನ ಮೈಗೂ ಒತ್ತಿದಳು. ತಮ್ಮ ಕೀಲಿ ತಿರುಗಿಸಿದಾಗ ಮುಳ್ಳು ಜಿಗಿಯಿತು. ಎರಡಕ್ಕೂ ಸರಿಯಾದ ಸಂಪರ್ಕವಿದ್ದರೆ ಅದು ಅಲ್ಲಾಡಲೂ ಬಾರದು. ದೀಪ ಚೆನ್ನಾಗಿ ಉರಿದದ್ದರಿಂದ ಬ್ಯಾಟರಿಗೂ ಮೈಗೂ ನಡುವೆ ಏನೂ ತೊಂದರೆಯಿರಲಿಲ್ಲ. ತೊಂದರೆ ಇದ್ದದ್ದು ಎಂಜಿನ್ನಿಗೂ ಮೈಗೂ ನಡುವೆ.

“ಅಲ್ಲಿ ಬಿದ್ದಿರೋ ಹಳೇ ದಪ್ಪ ಕೇಬಲ್ಲು ಕೊಡು.” ಒಂದು ತುದಿಯನ್ನು ಎಂಜಿನ್ನಿಗೆ, ಇನ್ನೊಂದನ್ನು ಕಾರಿನ ಮೈಗೆ ಕಚ್ಚಿಸಿದಳು. “ಈಗ.”

ಸ್ಟಾರ್ಟರು ಒಂದೇ ಉಸಿರಿಗೆ ತಿರುಗಿತು, ಎಂಜಿನ್ನು ಗುಡುಗಿತು. ತಮ್ಮ ಸ್ಟಿಯರಿಂಗಿಗೆ ಎರಡು ಗುದ್ದು ಗುದ್ದಿ ನಕ್ಕ. “ಅರ್ತ್ ಪಟ್ಟಿ! ಅಕ್ಕ, ಅರ್ತ್ ಪಟ್ಟಿ ಕಣೇ! ಬ್ಯಾಟರಿ, ಸ್ಟಾರ್ಟರು ಎಲ್ಲ ದಂಡಕ್ಕೆ ತಂದೆ. ಎಂಥಾ ದಡ್ಡ ನಾನು!”

ಎಂಜಿನ್ನು ರಬ್ಬರಿನ ಮೇಲೆ ಕೂತಿರುತ್ತದೆ. ಅದನ್ನು ಕಾರಿನ ಮೈಗೆ ಜೋಡಿಸಿ ಕರೆಂಟು ಮರಳಲು ದಾರಿ ಮಾಡುವುದು ಹೆಣೆದ ತಾಮ್ರದ ಒಂದು ಪಟ್ಟಿ. ಈ ಕಾರಿನಲ್ಲಿ ಅದರ ತುದಿ ಗೇರ್‌ಬಾಕ್ಸಿನ ಒಂದು ಬೋಲ್ಟಿಗೆ ಬಿಗಿದಿರುತ್ತದೆ.

ಅಕ್ಕನ ನಗು ಅಲ್ಲೇ ನಿಂತಿತು. “ಇರು, ನಾನು ನೋಡ್ತೀನಿ, ನೀನು ಬೇಡ,” ಎಂದಳು. ಅಷ್ಟರಲ್ಲಿ ಅವನು ಎಂಜಿನ್ನು ಆರಿಸಿ, ಟಾರ್ಚು ಹಿಡಿದು ಕೆಳಗೆ ತೆವಳಿಯಾಗಿತ್ತು. ಅವನ ಎರಡು ಕಾಲು ಮಾತ್ರ ಹೊರಗಿದ್ದವು. ಸ್ವಲ್ಪ ಹೊತ್ತು ಸ್ಪ್ಯಾನರಿನ ಸದ್ದಿಗಾಗಿ ಕಾದಳು. ಬರಲಿಲ್ಲ. ಟಾರ್ಚಿನ ಬೆಳಕು ಒಂದು ಬೋಲ್ಟಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ನಿಧಾನವಾಗಿ ಸರಿಯುತ್ತಿತ್ತು.

ಹೊರಗೆ ಬಂದು ನೆಲದ ಮೇಲೇ ಕೂತ. “ನಮ್ಮ ಅಂಗಡಿ ಸೀಲು,” ಎಂದ. “ಮೀಸೆ ಕೂದಲೂ ಇದೆ.”

ಅವಳು ಮೀಟರಿನ ತಂತಿ ಸುತ್ತತೊಡಗಿದಳು.

“ಗೇರ್‌ಬಾಕ್ಸ್ ಕದೀತೀನಿ ಅಂತಾನಾ?”

“ಕುಳ್ಳ ಏನೋ ತಲೆಗೆ ತುಂಬಿದ್ದ...”

“ನಿನಗೆ ಗೊತ್ತಿತ್ತು.”

“ಹೇಳಿದ್ರೆ ಮನೆ ಒಡೆಯುತ್ತೆ ಅಂತ ಸುಮ್ಮನಿದ್ದೆ ಕಣೋ.”

ತಮ್ಮ ಸ್ಪ್ಯಾನರು ಎತ್ತಿಕೊಳ್ಳಲಿಲ್ಲ. “ನಾನು ಬಿಚ್ಚಿದ್ರೆ ಸೀಲು ಒಡೆದ ಅಂತಾರೆ. ಅವರೇ ಬರಲಿ.”

ಭಾವ ಬಂದಾಗ ಇಬ್ಬರೂ ಶೆಡ್ಡಿನಲ್ಲೇ ಇದ್ದರು. ಅವನು ಬಂದವನೇ ತೆರೆದ ಬಾನೆಟ್ಟು, ಮೀಟರು, ಹೆಂಡತಿಯ ಕೆಂಪಾದ ಕಣ್ಣು ಎಲ್ಲವನ್ನೂ ಒಂದೊಂದಾಗಿ ನೋಡಿದ. “ಏನು ಸಂಚು ನಡೀತಿದೆ?”

“ಭಾವ, ಅರ್ತ್ ಪಟ್ಟಿ ಹಿಡೀತಿಲ್ಲ. ನಿಮ್ಮ ಸೀಲು ಇದೆ, ನೀವೇ ಬಿಚ್ಚಿ.”

ಭಾವನ ಮುಖ ಬಾಡಿತು. ಆದರೂ ಕೆಳಗೆ ಹೋಗಿ ಮೊದಲು ನೋಡಿದ್ದು ಸೀಲು ಒಡೆದಿದೆಯೋ ಎಂದು. ಬೋಲ್ಟು ಬಿಚ್ಚಿದ. ಪಟ್ಟಿಯ ಉಂಗುರದ ಎರಡು ಮುಖಕ್ಕೂ, ಗೇರ್‌ಬಾಕ್ಸಿನ ಲೋಹಕ್ಕೂ ಮೆರುಗೆಣ್ಣೆ ಗಾಜಿನ ಹಾಗೆ ಹಿಡಿದಿತ್ತು. ಮೀಟರಿನ ತಿರುಪಿನಲ್ಲಿ ಕರೆಂಟು ಹರಿಯುವುದಿಲ್ಲ, ಎಷ್ಟು ಅದ್ದಿದರೂ ನಡೆಯುತ್ತದೆ. ಇಲ್ಲಿ ಬೋಲ್ಟೇ ದಾರಿ. ಬಿಗಿದಾಗ ಅಲ್ಲಿ ಇಲ್ಲಿ ಲೋಹಕ್ಕೆ ಲೋಹ ಕಚ್ಚಿದ್ದರಿಂದ ತಣ್ಣಗಿದ್ದಾಗ ಹೇಗೋ ನಡೆಯುತ್ತಿತ್ತು. ಕಾದಮೇಲೆ ಅದೂ ಇಲ್ಲ. ಭಾವ ಉಜ್ಜು ಕಾಗದ ಕೇಳಿದ. ಅಕ್ಕ ಕೊಟ್ಟಳು. ಹೊಳೆಯುವವರೆಗೆ ಉಜ್ಜಿ, ಬರಿ ಲೋಹಕ್ಕೆ ಬರಿ ಲೋಹ ತಾಗಿಸಿ ಬಿಗಿದ.

ತಮ್ಮ ಕೀಲಿ ತಿರುಗಿಸಿದ. ಕಾರು ಕೂಡಲೇ ಸ್ಟಾರ್ಟ್ ಆಯಿತು. ಆರಿಸಿ ಮತ್ತೆ ತಿರುಗಿಸಿದ, ಮತ್ತೆ ಅದೇ.

“ನೋಡಿದ್ಯಾ, ನನ್ನ ಸೀಲು ಎಷ್ಟು ಗಟ್ಟಿ ಅಂತ! ಕರೆಂಟಿಗೂ ಒಳಗೆ ಬಿಟ್ಟಿಲ್ಲ,” ಎಂದು ಭಾವ ನಗಲು ನೋಡಿದ. “ತಪ್ಪು ತಿಳ್ಕೋಬೇಡ ಮಾರಾಯ. ಅಭ್ಯಾಸಬಲ.” ಅಲ್ಲಿಗೆ ನಿಲ್ಲಿಸಬಹುದಿತ್ತು. ನಾಲಿಗೆ ನಿಲ್ಲಲಿಲ್ಲ. “ಆದ್ರೂ ಆ ಸ್ಟಾರ್ಟರು ಅರ್ಧ ಬೆಲೆದಂತಲ್ಲ, ಉಳಿದ ಅರ್ಧ...”

“ರೀ!” ಎಂದಳು ಅಕ್ಕ.

“ಬಿಡಕ್ಕ, ಕೇಳಲಿ. ಇವತ್ತಾದ್ರೂ ಕೇಳಿದ್ರಲ್ಲ.” ತಮ್ಮನ ದನಿ ಏರಲಿಲ್ಲ. “ಅರ್ಧ ಬೆಲೆದೇ ಭಾವ. ಉಳಿದಿದ್ದರಲ್ಲಿ ಬ್ರೇಕಿನ ಪೈಪು ಹಾಕಿಸ್ದೆ. ಹಳೇದು ಕೊಳೆತು ಹೋಗಿತ್ತು. ಇಳಿಜಾರಲ್ಲಿ ಒತ್ತಿದ ತಕ್ಷಣ ನಿಲ್ತಿದೆಯಲ್ಲ, ಅದು ಎಲ್ಲಿಂದ ಬಂತು ಅಂದ್ಕೊಂಡ್ರಿ?”

ಭಾವ ಬಗ್ಗಿ ಚಕ್ರದ ಹಿಂದೆ ನೋಡಿದ. ಹೊಸ ಪೈಪು ಅಲ್ಲಿತ್ತು. ಕೆಟ್ಟದ್ದನ್ನು ಹುಡುಕುವ ಕಣ್ಣಿಗೆ ಸರಿಯಾಗಿದ್ದದ್ದು ಇಷ್ಟು ದಿನ ಕಂಡಿರಲಿಲ್ಲ. ಅವನು ಏಳುವ ಮೊದಲೇ, ಅಕ್ಕ ಭಾನುವಾರದ ಪರೀಕ್ಷೆಯನ್ನು ತಡೆದೆನೆಂದು ನೆಮ್ಮದಿಯ ಉಸಿರು ಬಿಡುವ ಮೊದಲೇ, ತಮ್ಮ ತನ್ನ ಜೇಬಿನಿಂದ ಅಂಗಡಿಯ ಕೀ ತೆಗೆದು ಬಾನೆಟ್ಟಿನ ಮೇಲಿಟ್ಟ.

“ಇದೇನೋ?” ಎಂದಳು ಅಕ್ಕ.

“ಸಿಟ್ಟಿಲ್ಲ ಅಕ್ಕ. ನಾಳೆಯಿಂದ ಅಂಗಡೀಲಿ ಏನೇ ಬಿಚ್ಚಿದ್ರೂ, ಇವರು ಇದರಲ್ಲೂ ಎಲ್ಲಾದ್ರೂ ಕೂದಲು ಇಟ್ಟಿದಾರಾ ಅಂತ ಹುಡುಕ್ತೀನಿ. ಹಾಗೆ ಕೆಲಸ ಮಾಡಕ್ಕೆ ನನ್ನಿಂದ ಆಗಲ್ಲ.”

ತಮ್ಮ ಅಂದೇ ಮನೆ ಬಿಟ್ಟ. ಆಮೇಲೆ ಭಾವ ಎರಡು ಸಲ ಹೋಗಿ ಕರೆದು ಬಂದ, ಅದೂ ಬಾಯಿಬಿಟ್ಟು ತಪ್ಪಾಯಿತು ಎಂದೇ. ತಮ್ಮ ಚಹಾ ಕೊಟ್ಟು ಕಳಿಸಿದ, ಬರಲಿಲ್ಲ. ಈಗ ಬಸ್ ಡಿಪೋದಲ್ಲಿ ವೈರಿಂಗ್ ಕೆಲಸಕ್ಕಿದ್ದಾನೆ, ಅದರ ಹತ್ತಿರವೇ ಒಂದು ರೂಮು. ಕಾರಿನ ತನ್ನ ಪಾಲು ಕೇಳಲಿಲ್ಲ. ಅಕ್ಕ ವಾರಕ್ಕೊಮ್ಮೆ ಅವನಲ್ಲಿಗೆ ಹೋಗಿ ಬರುತ್ತಾಳೆ. ಅವನು ಮೊದಲಿನ ಹಾಗೇ ಮಾತಾಡುತ್ತಾನೆ, ಆದರೆ ಅವಳಿಗೆ ಎಲ್ಲವನ್ನೂ ಹೇಳುವುದಿಲ್ಲ.

ಕಾರು ತಣ್ಣಗಿರಲಿ, ಕಾದಿರಲಿ, ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಅಂಗಡಿಗೆ ಅಷ್ಟು ಒಳ್ಳೆಯ ಕೈ ಮತ್ತೆ ಸಿಗಲಿಲ್ಲ. ಅಕ್ಕನಿಗೆ ಮನೆಯಲ್ಲೇ ಇದ್ದ ತಮ್ಮ ವಾರಕ್ಕೊಮ್ಮೆ ಕಾಣುವವನಾದ.