ಅಣ್ಣ ಊಟಕ್ಕೆ ಹೋದಾಗ

ಆ ಮನೆಯಲ್ಲಿ ಮಧ್ಯಾಹ್ನದ ಊಟ ಅಷ್ಟು ಸುಲಭಕ್ಕೆ ಮುಗಿಯುತ್ತಿರಲಿಲ್ಲ. ಅಣ್ಣ ಕೈ ತೊಳೆದು ಕೂತ ಮೇಲೆ ಅತ್ತಿಗೆ ಒಂದೊಂದೇ ಪಾತ್ರೆಯ ಮುಚ್ಚಳ ತೆಗೆಯುವಳು, ಬಡಿಸಿದ್ದನ್ನೇ ಮತ್ತೆ ಬಡಿಸುವಳು, ಉಪ್ಪು ಸಾಲದೇನೋ ಎಂದು ಕೇಳುವಳು, ನೀರು ತರಲು ಹೋಗಿ ಅಲ್ಲೇ ನಿಂತುಬಿಡುವಳು. ಇನ್ನೇನು ಅಣ್ಣ ಏಳಬೇಕು ಅನ್ನುವಾಗ ತನ್ನ ತವರಿನ ಯಾವುದೋ ಹಳೆಯ ಜಗಳ ತೆಗೆಯುವಳು. ಆ ಜಗಳದಲ್ಲಿ ತಪ್ಪು ಯಾರದೆಂದು ತೀರ್ಪು ಕೊಡುವುದೆಂದರೆ ಅಣ್ಣನಿಗೆ ಬಲು ಇಷ್ಟ.

"ನಿನ್ನ ಮುಂದೆ ಊಟಕ್ಕೆ ಕೂತ್ರೆ ಅರ್ಧ ದಿನ ಹೋಯ್ತು ಅಂತಲೇ ಲೆಕ್ಕ ಕಣೇ" ಎಂದು ಅವನು ಗೊಣಗುತ್ತಿದ್ದ. ಗೊಣಗುತ್ತಲೇ ಇನ್ನೊಂದು ತುತ್ತು ಬಾಯಿಗಿಡುತ್ತಿದ್ದ.

ಅಷ್ಟು ಹೊತ್ತಿನಲ್ಲಿ ಮನೆಯ ಮುಂದಿನ ಶೆಡ್ಡಿನಲ್ಲಿ ತಮ್ಮ ತನ್ನ ಕೆಲಸ ಮುಗಿಸಿಕೊಳ್ಳುತ್ತಿದ್ದ. ಬೆಳಿಗ್ಗೆಯಿಂದ ಅಣ್ಣ ಹಾಕಿದ ಬೆಸುಗೆಯನ್ನೆಲ್ಲ ಗ್ರೈಂಡರಿನಲ್ಲಿ ಉಜ್ಜಿ ತೆಗೆದು, ಅದೇ ಜಾಗದಲ್ಲಿ ಹೊಸದಾಗಿ ಬೆಸೆದು, ಬಿಸಿ ಆರುತ್ತಿದ್ದಂತೆ ಮೇಲೆ ಬಣ್ಣ ಬಳಿದುಬಿಡುತ್ತಿದ್ದ. ಗ್ರೈಂಡರಿನ ಸದ್ದು ಕೇಳಿದರೂ ಬಣ್ಣಕ್ಕೆ ಮೊದಲು ಉಜ್ಜುತ್ತಿದ್ದಾನೆ ಎಂದುಕೊಳ್ಳುತ್ತಿದ್ದ ಅಣ್ಣ. ಅಣ್ಣ ಎಡಗೈಯವನು. ಅವನು ಬೆಸುಗೆಯ ರಾಡು ಎಳೆದರೆ ಗೆರೆಯ ಸುಕ್ಕುಗಳೆಲ್ಲ ಒಂದು ಕಡೆಗೆ ವಾಲುತ್ತವೆ, ತಮ್ಮ ಎಳೆದರೆ ಇನ್ನೊಂದು ಕಡೆಗೆ. ಬಣ್ಣ ಬಿದ್ದ ಮೇಲೆ ಅದನ್ನೆಲ್ಲ ಯಾರು ನೋಡುತ್ತಾರೆ?

ದಾರಿಯಿಲ್ಲದ ಕಡೆಗೆ ಹೋಗಿ ಮಲಗಿಬರುವ ಹುಚ್ಚಿನವರಿಗೆ ಪಿಕಪ್ ಗಾಡಿ ಸಜ್ಜು ಮಾಡಿಕೊಡುವುದು ಅವರ ಕಸುಬು. ಗಾಡಿಯ ಬೆನ್ನಿಗೆ ಕಬ್ಬಿಣದ ಚೌಕಟ್ಟು, ಅದರ ನೆತ್ತಿಗೆ ಬಿಚ್ಚಿ ಮಡಚುವ ಡೇರೆ, ಪಕ್ಕಕ್ಕೆ ನೀರಿನ ಟ್ಯಾಂಕು, ಹಿಂದಿನ ಬಾಗಿಲು ತೆರೆದರೆ ಹೊರಗೆ ಜಾರಿಬರುವ ಒಲೆ, ಒಳಗೆ ಎರಡನೆಯ ಬ್ಯಾಟರಿ. ಗಿರಾಕಿಗಳು ಗಾಡಿ ತಂದು ನಿಲ್ಲಿಸಿ ಬೆಟ್ಟ, ಮರಳುಗಾಡು, ಕಾಡು ಎಂದು ಕೈಬೀಸಿ ವರ್ಣಿಸುವಾಗ ಅಣ್ಣ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಅತ್ತಿಗೆ ಕಿಟಕಿಯಿಂದ ನೋಡಿ, "ಮನೇಲಿ ಮಂಚ ಇಟ್ಕೊಂಡು ಗಾಡಿ ನೆತ್ತಿ ಮೇಲೆ ಮಲಗೋಕೆ ಹೋಗ್ತಾರಲ್ಲ, ಇವರ ಹೆಂಡ್ತೀರು ಏನೂ ಅನ್ನಲ್ವಾ?" ಎಂದು ನಗುತ್ತಿದ್ದಳು.

ಅಣ್ಣನ ಕಣ್ಣು ಕೆಟ್ಟಿದ್ದು ತಮ್ಮನಿಗೆ ಗೊತ್ತಾದದ್ದು ಒಂದು ಟ್ಯಾಂಕಿನ ಸ್ಟ್ಯಾಂಡಿನಿಂದ. ಎತ್ತಿದರೆ ಅದರ ಕಾಲು ಕೈಗೇ ಕಿತ್ತುಬಂತು. ತಿರುಗಿಸಿ ನೋಡಿದ. ಬೆಸುಗೆ ಚೆಂದವಾಗಿಯೇ ಇತ್ತು, ಆದರೆ ಸಂದಿಯ ಮೇಲಿರಲಿಲ್ಲ, ಸಂದಿಯ ಪಕ್ಕದಲ್ಲಿತ್ತು. ಆಮೇಲೆ ಗಮನಿಸಿದರೆ ಅಣ್ಣ ಎದುರಿಗಿದ್ದವರನ್ನೂ ಓರೆಯಾಗಿ, ಕೋಳಿ ನೋಡುವ ಹಾಗೆ ನೋಡುತ್ತಿದ್ದ. ಡಾಕ್ಟರ ಹತ್ತಿರ ಹೋಗೋಣ ಎಂದರೆ, "ನನ್ನ ಕಣ್ಣಿಗೆ ಏನಾಗಿದೆಯೋ? ಬೆಂಕಿ ನೋಡಿ ನೋಡಿ ಗಟ್ಟಿಯಾಗಿರೋ ಕಣ್ಣು ಇದು" ಎಂದು ಗದರಿದ.

ತಮ್ಮನು ಇದನ್ನು ಅತ್ತಿಗೆಗೆ ಹೇಳಿದ. ಅವಳು ಒಲೆಯ ಉರಿ ಸಣ್ಣದು ಮಾಡಿ ಹತ್ತಿರ ಬಂದಳು.

"ನಿಮ್ಮಣ್ಣನಿಗೆ ಹೇಳ್ಬೇಡ ಕಣೋ" ಎಂದಳು. "ಆ ಕೆಲಸ ಬಿಟ್ರೆ ಅವರಿಗೆ ಇನ್ನೇನಿದೆ? ಹೇಳಿದ ದಿನಾನೇ ಮೂಲೆ ಹಿಡಿದು ಕೂತುಬಿಡ್ತಾರೆ. ನಾನು ಊಟ ಉದ್ದ ಮಾಡ್ತೀನಿ. ನೀನು ಸರಿಮಾಡ್ಕೊ."

ತಂದೆಯಿಲ್ಲದ ಮನೆಯಲ್ಲಿ ಅವನನ್ನು ಎತ್ತಿ ಆಡಿಸಿ, ಬೈದು, ಕೈ ಹಿಡಿದು ರಾಡು ಎಳೆಯುವುದನ್ನು ಕಲಿಸಿದವನು ಅಣ್ಣ. ಅಂಥವನ ಮುಂದೆ ನಿಂತು ನಿನ್ನ ಕೈಕೆಲಸ ಕೆಟ್ಟಿದೆ ಎನ್ನಲು ತಮ್ಮನಿಗೆ ನಾಲಿಗೆ ಏಳಲಿಲ್ಲ. ಅತ್ತಿಗೆ ದಾರಿ ತೋರಿಸಿದಳು, ಅವನು ಬದುಕಿದೆಯಾ ಬಡಜೀವವೇ ಎಂದು ಅದೇ ದಾರಿ ಹಿಡಿದ. ಇಬ್ಬರೂ ಕೆಟ್ಟವರಲ್ಲ. ಪ್ರೀತಿಯಿಂದಲೇ, ಒಳ್ಳೆಯ ಮನಸ್ಸಿನಿಂದಲೇ ಮಾಡಿದರು. ಮಾಡಿದ್ದೇನೆಂದರೆ ಅರ್ಧ ಕುರುಡನಾದ ಮನುಷ್ಯನ ಕಣ್ಣಿಗೆ ಇನ್ನೊಂದು ಬಟ್ಟೆ ಕಟ್ಟಿದ್ದು.

ಅಣ್ಣನ ಜಂಬ ದಿನದಿಂದ ದಿನಕ್ಕೆ ಏರಿತು. "ಈ ಕೈ ಹಾಕಿದ್ದು ಇವತ್ತಿನವರೆಗೆ ಒಂದಾದ್ರೂ ಬಿಟ್ಟಿದೆಯೇನೋ?" ಎಂದು ಗಿರಾಕಿಗಳ ಎದುರೇ ಕೇಳುವನು.

"ಇಲ್ಲ ಅಣ್ಣ."

"ಕೇಳಿದ್ರಾ ಸ್ವಾಮಿ?" ಎಂದು ಗಿರಾಕಿಯ ಕಡೆ ತಿರುಗುವನು.

ಹೀಗಿರುವಾಗ ಅಣ್ಣ ಗುಜರಿಯಿಂದ ಒಂದು ಹಳೆಯ ಪಿಕಪ್ ಎಳೆಸಿಕೊಂಡು ಬಂದ. ಊರವರಿಗೆಲ್ಲ ಮಾಡಿಕೊಟ್ಟದ್ದಾಯಿತು, ಇದು ನಮ್ಮದು, ಇದಕ್ಕೆ ಇನ್ನೊಬ್ಬರ ಕೈ ತಾಗಬಾರದು ಎಂದ. ತಮ್ಮನಿಗೂ ಹಾಗೇ ಹೇಳಿದ: "ನೀನು ಪೈಂಟು ಬಳಿ, ಸಾಕು." ಆ ತಿಂಗಳುಗಳಲ್ಲಿ ಊಟ ಎಷ್ಟು ಉದ್ದವಾಯಿತೆಂದರೆ ಅಣ್ಣನ ಹೊಟ್ಟೆಯೇ ಮುಂದೆ ಬಂತು. ಅತ್ತಿಗೆಯ ತವರಿನ ಜಗಳಗಳು ಖಾಲಿಯಾಗಿ, ಅವಳು ಹೊಸ ಜಗಳಗಳನ್ನು ಹುಟ್ಟಿಸತೊಡಗಿದಳು. ತಮ್ಮನು ಮೈಯೆಲ್ಲ ಕಿವಿಯಾಗಿ, ಒಳಗಿನ ತಟ್ಟೆಯ ಸದ್ದು ಕೇಳಿಕೊಂಡೇ ಒಂದೊಂದು ಸಂದಿಯನ್ನೂ ಮತ್ತೆ ಬೆಸೆದ. ಒಂದನ್ನೂ ಬಿಡಲಿಲ್ಲ.

ಗಾಡಿ ಗಟ್ಟಿಮುಟ್ಟಾಗಿ ನಿಂತಿತು. ಮೊದಲೆರಡು ಸಲ ಹೋಗಿಬಂದದ್ದು ಹಬ್ಬದಂತಿತ್ತು. ಮಂಚದ ಬಗ್ಗೆ ನಕ್ಕಿದ್ದ ಅತ್ತಿಗೆಯೇ ಡೇರೆಯಿಂದ ಇಳಿಯಲು ಒಲ್ಲೆ ಎನ್ನುವಳು. ಬೆಳಗಿನ ಚಳಿಯಲ್ಲಿ ಕಂಬಳಿಯೊಳಗಿಂದ ತಲೆಯಷ್ಟನ್ನೇ ಹೊರಹಾಕಿ, ಸುತ್ತ ಮನುಷ್ಯರ ಸುಳಿವಿಲ್ಲದ ಬಯಲು ನೋಡುತ್ತ, "ಇಲ್ಲಿ ಕಸ ಗುಡಿಸೋ ಹಾಗಿಲ್ಲ, ಯಾರೂ ಬಂದು ಬಾಗಿಲು ಬಡಿಯೋ ಹಾಗಿಲ್ಲ. ನನ್ನನ್ನ ಇಲ್ಲೇ ಬಿಟ್ಟು ಹೋಗ್ರಪ್ಪಾ" ಎನ್ನುವಳು. ಅಣ್ಣ ಗಾಡಿಯ ಸುತ್ತ ತಿರುಗುತ್ತ ಚೌಕಟ್ಟನ್ನು ಅಲ್ಲಲ್ಲಿ ತಟ್ಟುವನು, ಸಾಕಿದ ಎಮ್ಮೆಯ ಬೆನ್ನು ತಟ್ಟುವ ಹಾಗೆ. ತಟ್ಟುವಾಗ ಅವನ ಮುಖದಲ್ಲಿದ್ದ ಸಂತೋಷ ನೋಡಿ ತಮ್ಮನಿಗೆ ಮಾಡಿದ್ದೆಲ್ಲ ಸಾರ್ಥಕ ಅನ್ನಿಸುತ್ತಿತ್ತು. ಓಡಿಸುವುದು ಮಾತ್ರ ಯಾವಾಗಲೂ ತಮ್ಮನೇ. ಅಣ್ಣ ಸೊಂಟ ನೋವೆನ್ನುವನು, ಉಳಿದವರು ಹೌದೆನ್ನುವರು.

ಮೂರನೆಯ ಸಲ ಹೋದದ್ದು ಬೆಟ್ಟದ ಮೇಲಿನ ಒಂದು ಬೋಳು ಬಯಲಿಗೆ. ಫೋನು ಹಿಡಿಯುವುದಿಲ್ಲ, ಹತ್ತಿರದ ಊರಿಗೆ ಒಂದು ದಿನದ ನಡಿಗೆ. ಹತ್ತಿದ್ದು ಒಂದೇ ಕಲ್ಲಿನ ಇಳಿಜಾರು, ಇಳಿಯುವುದೂ ಅದೇ. ಹಿಂದಿರುಗುವ ದಿನ, ಇಳಿಜಾರು ಇನ್ನೂ ಶುರುವಾಗುವ ಮೊದಲೇ, ಒಂದು ಹಳ್ಳ ದಾಟುವಾಗ ಹಿಂದೆ ಲಟ್ಟೆಂದಿತು. ತಮ್ಮ ಇಳಿದು ಕೆಳಗೆ ತೂರಿ ನೋಡಿದ. ಹಿಂದಿನ ಚಕ್ರಗಳ ಆಕ್ಸಲನ್ನು ಹೊರುವ ಪಟ್ಟಿ ಸ್ಪ್ರಿಂಗನ್ನು ಗಾಡಿಯ ತಳದ ಚಾಸಿಗೆ ಹಿಡಿದಿಡುವ ಬ್ರಾಕೆಟ್ಟು ಕಿತ್ತುಹೋಗಿತ್ತು. ಗಾಡಿಯ ಜೊತೆಗೇ ಬಂದದ್ದು, ಒಳಗೊಳಗೇ ತುಕ್ಕು ತಿಂದಿತ್ತು. ಅದಕ್ಕೆ ಯಾರನ್ನೂ ದೂರುವಂತಿಲ್ಲ.

"ಇಷ್ಟೇ ತಾನೇ?" ಅಣ್ಣನ ಮುಖ ಅರಳಿತು. "ಎರಡೂ ಬ್ಯಾಟರಿ ಬಿಚ್ಚು. ಒಂದಕ್ಕೊಂದು ಸೇರಿಸಿದ್ರೆ ಬೆಸುಗೆಗೆ ಸಾಕಾಗೋ ಕರೆಂಟು ಬರುತ್ತೆ. ರಾಡು ತಂದಿದ್ದೀನಿ."

ಟೂಲ್ ಬಾಕ್ಸಿನ ತಳದಲ್ಲಿ ಒಂದು ಹಿಡಿಯೂ ಇಲ್ಲದಷ್ಟು ರಾಡು ಇದ್ದವು. ಬ್ಯಾಟರಿಗಳಲ್ಲಿ ಒಂದು ಸಲಕ್ಕೆ ಆಗುವಷ್ಟು ಶಕ್ತಿ, ಮೇಲೆ ಇಂಜಿನ್ ಎಬ್ಬಿಸುವಷ್ಟು ಉಳಿದರೆ ಪುಣ್ಯ.

"ಅಣ್ಣ, ಕೊಡು. ನಾನು ಹಾಕ್ತೀನಿ. ಕೆಳಗೆ ಜಾಗ ಇಲ್ಲ, ನಿನ್ನ ಸೊಂಟ..."

"ಯಾಕೋ? ನನ್ನ ಕೈ ಬಿದ್ದುಹೋಗಿದೆಯಾ?"

ಅಣ್ಣ ನಗುತ್ತಲೇ ಕೇಳಿದ. ತಮ್ಮನಿಗೆ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವಂತಿರಲಿಲ್ಲ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಇಷ್ಟು ದಿನದ ರೂಢಿ ಅವನೊಳಗೆ ಬೇರೆಯೇ ಲೆಕ್ಕ ಹಾಕುತ್ತಿತ್ತು: ಈಗ ಹಾಕಲಿ, ಅಣ್ಣ ಆಚೆ ಹೋದ ಮೇಲೆ ನೋಡಿಕೊಂಡರಾಯಿತು. ಆಚೆ ಎಂದರೆ ಎಲ್ಲಿಗೆ? ಅಲ್ಲಿ ಮನೆಯಿಲ್ಲ, ಅಡುಗೆಮನೆಯಿಲ್ಲ.

ಅಣ್ಣ ಮಲಗಿ ಒಳಗೆ ತೂರಿದ. ನೀಲಿ ಬೆಳಕು ಕಲ್ಲುಗಳ ಮೇಲೆ ಕುಣಿಯಿತು. ಅತ್ತಿಗೆ ಒಲೆಯ ಹತ್ತಿರ ನಿಂತು ತಮ್ಮನ ಮುಖ ನೋಡಿದಳು, ತಮ್ಮ ಅವಳ ಮುಖ ನೋಡಿದ. ಅವಳಿಗೆ ಅರ್ಥವಾಯಿತು. ರಾಡು ಅರ್ಧವೂ ಮುಗಿದಿರಲಿಲ್ಲ.

"ಏನೂಂದ್ರೆ" ಎಂದು ಕೂಗಿದಳು. "ಚಹಾ ಆರಿಹೋಗುತ್ತೆ. ಬನ್ನಿ, ಕುಡಿದು ಆಮೇಲೆ ಮಾಡೋರಂತೆ. ನಮ್ಮ ದೊಡ್ಡಮ್ಮನ ಮಗಳು ಏನು ಮಾಡಿದ್ಲು ಗೊತ್ತಾ ನಿಮಗೆ?"

"ಇಲ್ಲಿಗೇ ತಾ" ಎಂದು ಗಾಡಿಯ ಕೆಳಗಿಂದ ಉತ್ತರ ಬಂತು. "ನಿನ್ನ ದೊಡ್ಡಮ್ಮನ ಮಗಳಿಗೆ ಇವತ್ತು ರಜೆ ಕೊಡು."

ಅವಳು ಲೋಟ ಹಿಡಿದುಕೊಂಡು ಸುಮ್ಮನೆ ನಿಂತಳು. ಗಾಡಿಯ ಕೆಳಗೆ ಕೊನೆಯ ರಾಡಿನ ಸದ್ದು ನಿಂತಿತು.

ಅಣ್ಣ ಹೊರಗೆ ಬಂದು ಕೈ ಕೊಡವಿದ. ತಮ್ಮ ನೋಡುತ್ತೇನೆಂದು ಕೆಳಗೆ ಹೋಗಿ, ಬೆಸುಗೆಯ ಮೇಲೆ ಗಟ್ಟಿಯಾಗಿದ್ದ ಕಿಟ್ಟ ಕುಟ್ಟಿ ತೆಗೆದು, ಕಣ್ಣು ಹಾಯಿಸಿದ. ಒಂದು ಕಡೆ ಸಂದಿ ಹಿಡಿದಿತ್ತು. ಇನ್ನೊಂದು ಕಡೆ ಗೆರೆ ನೆಟ್ಟಗೆ ಪಕ್ಕದಲ್ಲಿ ಹೋಗಿತ್ತು. ನಡುವೆ ಉಗುರು ತೂರುವಷ್ಟು ಬಿರುಕು. ರಾಡು ಉಳಿದಿರಲಿಲ್ಲ, ಬ್ಯಾಟರಿಯೂ ಸುಸ್ತು. ಅವನು ಸರಪಳಿ ತಂದು ಆಕ್ಸಲನ್ನೂ ಚಾಸಿಯನ್ನೂ ಸುತ್ತಿ ಬಿಗಿದ. "ಅದೆಲ್ಲ ಯಾಕೋ?" ಎಂದ ಅಣ್ಣ. "ಇರಲಿ ಅಣ್ಣ, ಸುಮ್ನೆ" ಎಂದ ತಮ್ಮ. ಬೆಟ್ಟದ ತಲೆಯ ಮೇಲೆ ಮೋಡ ಕಟ್ಟುತ್ತಿತ್ತು. ಮಳೆ ಬಿದ್ದರೆ ಇಳಿಜಾರಿನಲ್ಲಿ ಕಾಲೂರಲೂ ಆಗದು, ಬೇಗ ಹೊರಡಿ ಎಂದು ಅಣ್ಣ ಅವಸರಿಸಿದ.

ಇಳಿಜಾರಿನ ತುದಿಯಲ್ಲಿ ಗಾಡಿ ನಿಂತಿತು. ಇಂಥ ಕಡೆ ಅತ್ತಿಗೆ ಮುಂದೆ ಇಳಿದು, ಗಾಡಿಗೆ ಮುಖ ಮಾಡಿ ಹಿಂದಕ್ಕೆ ನಡೆಯುತ್ತ, ಯಾವ ಕಲ್ಲಿನ ಮೇಲೆ ಯಾವ ಚಕ್ರ ಇಡಬೇಕೆಂದು ಕೈಸನ್ನೆ ಮಾಡುವಳು. ಮೂವರಲ್ಲಿ ಚುರುಕು ಕಣ್ಣು ಅವಳದು. ಇವತ್ತೂ ತಲೆಗೆ ಬಟ್ಟೆ ಕಟ್ಟಿಕೊಂಡು ಇಳಿದಳು. ಇಳಿದವಳು ತಮ್ಮನ ಕಿಟಕಿಯ ಹತ್ತಿರ ಬಂದು ನಿಂತಳು.

"ಹಿಡಿಯುತ್ತೇನೋ?" ಎಂದು ಕೇಳಿದಳು, ಮೆಲ್ಲಗೆ.

ಪಕ್ಕದ ಸೀಟಿನಲ್ಲಿ ಅಣ್ಣ ಕೂತಿದ್ದ. ಓರೆಗಣ್ಣಿನಿಂದ ಇಬ್ಬರನ್ನೂ ನೋಡುತ್ತಿದ್ದ.

"ಹಿಡಿಯುತ್ತೆ ಅತ್ತಿಗೆ" ಎಂದ ತಮ್ಮ.

ಅವಳು ಒಂದು ಕ್ಷಣ ಅವನ ಮುಖವನ್ನೇ ನೋಡಿದಳು. ಅವನ ಮಾತನ್ನು ನಂಬಿದಳೋ, ಗಂಡನ ಮುಂದೆ ಇನ್ನೇನು ಕೇಳಲಿ ಎಂದು ಸುಮ್ಮನಾದಳೋ, ಅದನ್ನು ಹೇಳುವವರು ಈಗ ಯಾರೂ ಇಲ್ಲ. ತಿರುಗಿ ಕೆಳಗೆ ನಡೆದಳು.

ಅರ್ಧ ಇಳಿಜಾರು ಸರಿಯಾಗಿಯೇ ಇಳಿಯಿತು. ಅವಳು ಕೈ ಎತ್ತಿ ಎಡಕ್ಕೆಂದಳು, ಅವನು ಎಡಕ್ಕೆ ತಿರುಗಿಸಿದ. ಒಂದು ಕಲ್ಲಿನ ಮೆಟ್ಟಿಲಿನಿಂದ ಹಿಂದಿನ ಚಕ್ರ ಕೆಳಗೆ ಬಿದ್ದಾಗ ಬ್ರಾಕೆಟ್ಟು ಬಿಟ್ಟಿತು. ಸರಪಳಿ ಒಂದು ಉಸಿರಿನಷ್ಟು ಹೊತ್ತು ತಡೆದು ಕಡಿದುಹೋಯಿತು. ಆಕ್ಸಲ್ ಓರೆಯಾಗಿ ಗಾಡಿಯ ಹಿಂಭಾಗ ಪಕ್ಕಕ್ಕೆ ತಿರುಗಿತು. ತಮ್ಮ ಬ್ರೇಕಿನ ಮೇಲೆ ನಿಂತೇಬಿಟ್ಟ. ಚಕ್ರ ನಿಂತವು, ಗಾಡಿ ನಿಲ್ಲಲಿಲ್ಲ. ಅತ್ತಿಗೆ ಹಿಂದಕ್ಕೆ ಹಾರಲು ನೋಡಿದಳು. ಅವಳ ಎರಡೂ ಕೈ ಇನ್ನೂ ಮೇಲಿದ್ದವು, ನಿಲ್ಲಿಸು ಎಂಬ ಸನ್ನೆಯಲ್ಲಿ.

ತಮ್ಮನು ಹತ್ತಿರದ ಊರಿಗೆ ನಡೆದು ಜನ ಕರೆದುಕೊಂಡು ಬರುವ ಹೊತ್ತಿಗೆ ಮಳೆ ಬಂದು ಹೋಗಿತ್ತು. ಅಣ್ಣ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಂಬಳಿ ಹೊದಿಸಿ, ಅದೇ ಜಾಗದಲ್ಲಿ ಕೂತಿದ್ದ. ಅವಳು ಯಾವಾಗ ಹೋದಳೆಂದು ಯಾರೋ ಕೇಳಿದರು. ಅವನು ಕಂಬಳಿಯನ್ನು ಅವಳ ಗದ್ದದವರೆಗೆ ಎಳೆದ.

ಆಮೇಲೆ ಗಾಡಿಯನ್ನು ಎಳೆಸಿ ತಂದು ಶೆಡ್ಡಿನ ಹಿಂದೆ ನಿಲ್ಲಿಸಿದರು. ಅಣ್ಣ ಶೆಡ್ಡಿಗೆ ಬರುವುದನ್ನು ಬಿಟ್ಟ. ಅತ್ತಿಗೆ ಹೆದರಿದ್ದ ಹಾಗೆಯೇ ಮೂಲೆ ಹಿಡಿದ. ತಮ್ಮ ಬೇಯಿಸಿ ಇಟ್ಟದ್ದನ್ನು ನಾಲ್ಕು ತುತ್ತಿನಲ್ಲಿ ಮುಗಿಸಿ ಎದ್ದುಬಿಡುತ್ತಿದ್ದ. ಆ ಮನೆಯಲ್ಲಿ ಊಟ ಅಷ್ಟು ಬೇಗ ಮುಗಿಯುವುದನ್ನು ನೋಡಲಾರದೆ ತಮ್ಮ ಹೊರಗೆ ಹೋಗುತ್ತಿದ್ದ.

ಒಂದು ಮಧ್ಯಾಹ್ನ ಶೆಡ್ಡಿನ ಹಿಂದೆ ಏನೋ ಉಜ್ಜುವ ಸದ್ದು ಕೇಳಿತು. ತಮ್ಮ ಹೋಗಿ ನೋಡಿದರೆ ಪಿಕಪ್ಪಿನ ಕೆಳಗಿಂದ ಅಣ್ಣನ ಕಾಲುಗಳು ಹೊರಗೆ ಚಾಚಿದ್ದವು. ಉಪ್ಪುಕಾಗದ ಹಿಡಿದು ಸಂದಿಗಳ ಬಣ್ಣ ಉಜ್ಜುತ್ತಿದ್ದ. ಉಜ್ಜಿದ ಕಡೆ ಕಣ್ಣು ಮುಚ್ಚಿಕೊಂಡು ಬೆಸುಗೆಯ ಸುಕ್ಕುಗಳ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ. ಒಂದು ಸಂದಿ, ಇನ್ನೊಂದು ಸಂದಿ. ಚೌಕಟ್ಟು, ಟ್ಯಾಂಕು, ಏಣಿ, ಎಲ್ಲ ಕಡೆಯೂ ಬಣ್ಣ ಕಿತ್ತು ಕಬ್ಬಿಣ ಹೊಳೆಯುತ್ತಿತ್ತು. ಬೆಳಿಗ್ಗೆಯಿಂದ ಇದನ್ನೇ ಮಾಡುತ್ತಿದ್ದನೆಂದು ಕಾಣುತ್ತದೆ. ಕೊನೆಗೆ ಆ ಮುರಿದ ಬ್ರಾಕೆಟ್ಟಿಗೆ ಬಂದ. ಅದರ ಮೇಲೆ ಬಣ್ಣವಿರಲಿಲ್ಲ. ಹೆಬ್ಬೆರಳು ಅಲ್ಲಿ ಬಹಳ ಹೊತ್ತು ನಿಂತಿತು.

"ಇದೊಂದು ನನ್ನದು" ಎಂದ ಅಣ್ಣ.

ತಮ್ಮ ಅಲ್ಲೇ ನೆಲದ ಮೇಲೆ ಕೂತ. ಅಳು ಬಂತು, ತಡೆಯಲಿಲ್ಲ.

"ಅವಳಿಗೂ ಗೊತ್ತಿತ್ತಾ?"

"ಗೊತ್ತಿತ್ತು."

"ಅದಕ್ಕೇನಾ ಅಷ್ಟು ಹೊತ್ತು ಬಡಿಸ್ತಾ ಇದ್ದಿದ್ದು?"

"ಹೂಂ."

ಅಣ್ಣ ಹೊರಗೆ ಬರಲಿಲ್ಲ. ಗಾಡಿಯ ಕೆಳಗೆ ಹಾಗೇ ಅಂಗಾತ ಮಲಗಿದ್ದ. ಅವನ ಎಡಗೈ ಎದೆಯ ಮೇಲಿತ್ತು. ಬೈಗುಳವೂ ಇಲ್ಲದ, ಸಿಟ್ಟೂ ಇಲ್ಲದ ದನಿಯಲ್ಲಿ ಕೇಳಿದ:

"ಎಲ್ಲಾನೂ ಸರಿಮಾಡಿದ್ದೀಯ. ಇದೊಂದನ್ನ ಯಾಕೋ ಬಿಟ್ಟೆ?"

ತಮ್ಮನು ಮುಖ ಒರೆಸಿಕೊಂಡ. ಹೇಳಲು ಅವನ ಹತ್ತಿರ ಇದ್ದದ್ದು ಒಂದೇ ಮಾತು, ಅದನ್ನೇ ಹೇಳಿದ.

"ನೀನು ಅಲ್ಲೇ ಇದ್ದೆಯಲ್ಲ ಅಣ್ಣ."