ಸುಮ್ಮನೆ ಉರಿಯುವ ಇಸ್ತ್ರಿಪೆಟ್ಟಿಗೆ

ನನ್ನ ಕಾರಿಗೆ ನಿದ್ದೆ ಬರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಮೂರು ವರ್ಷದಿಂದ ಅದರಲ್ಲೇ ಬಾಡಿಗೆ ಹೊಡೆಯುತ್ತಿದ್ದೇನೆ. ಪೆಟ್ರೋಲ್ ಕೇಳದ, ಬರೀ ಬ್ಯಾಟರಿಯ ಕಾರು. ಮಾರುವಾಗ ಅಂಗಡಿಯವನು, "ಕರೆಂಟ್ ಹೋದ್ರೆ ತಲೆ ಕೆಡಿಸ್ಕೋಬೇಡಿ ಮೇಡಂ, ಒಂದು ಪ್ಲಗ್ ಸಿಕ್ಕಿಸಿ, ಇಡೀ ಮನೆ ನಡೆಸುತ್ತೆ" ಎಂದಿದ್ದ. ಆ ಒಂದು ಮಾತಿಗೆ ನಾನು ಬಿದ್ದೆ. ಇಡೀ ಮನೆ ಕಟ್ಟಿಕೊಂಡು ನನಗೇನಾಗಬೇಕಿತ್ತು? ನಡೆಯಬೇಕಾದದ್ದು ಒಂದೇ, ಅಪ್ಪನ ಉಸಿರಿನ ಯಂತ್ರ.

ಅಪ್ಪನದು ಸ್ನಾಯುಗಳು ಒಂದೊಂದಾಗಿ ಕೈಕೊಡುವ ಕಾಯಿಲೆ. ಮೊದಲು ಕಾಲು, ಆಮೇಲೆ ಕೈ, ಈಗ ಎದೆ. ಮಂಚದ ಪಕ್ಕದ ಸ್ಟೂಲಿನ ಮೇಲಿದ್ದ ಆ ಪುಟ್ಟ ಯಂತ್ರ ಮಾಸ್ಕಿನೊಳಗೆ ಗಾಳಿ ತಳ್ಳಿದರೆ ಮಾತ್ರ ಉಸಿರು. ದೊಡ್ಡ ಕಚೇರಿ ಕಟ್ಟಡವೊಂದರಲ್ಲಿ ಮೂವತ್ತು ವರ್ಷ ಲಿಫ್ಟ್ ನಡೆಸಿದವನು ಅವನು. ಮಾತು ನಿಂತ ಮೇಲೂ ತೋರುಬೆರಳೊಂದು ಅಲ್ಲಾಡುತ್ತಿತ್ತು. ದಿಂಬು ಎತ್ತಬೇಕಾದರೆ ಬೆರಳು ಮೇಲಕ್ಕೆ, ಇಳಿಸಬೇಕಾದರೆ ಕೆಳಕ್ಕೆ. "ಯಾವ ಮಹಡಿ ಸಾರ್?" ಎಂದು ನಾನು ಕೇಳಿದರೆ ಮಾಸ್ಕಿನೊಳಗೇ ನಗುತ್ತಿದ್ದ.

ಅಮ್ಮನೂ ಅದೇ ಕಟ್ಟಡದವಳು. ಎಲ್ಲರೂ ಮನೆಗೆ ಹೋದ ಮೇಲೆ ಒಂಬತ್ತನೇ ಮಹಡಿಯಿಂದ ಶುರುಮಾಡಿ ಒಂದೊಂದೇ ಕೋಣೆಯ ದೀಪ, ಫ್ಯಾನು ಆರಿಸಿಕೊಂಡು ಬರುವುದು ಅವಳ ಕೆಲಸ. ಅವಳು ಬರುವವರೆಗೆ ಅಪ್ಪ ಲಿಫ್ಟ್ ತಡೆದು ನಿಲ್ಲಿಸಿರುತ್ತಿದ್ದನಂತೆ. ಮದುವೆ ಆದದ್ದೂ ಹಾಗೆಯೇ. ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಅವಳ ಕೈ ಸುಮ್ಮನಿರದು. ನೀವು ಕೋಣೆಯಿಂದ ಒಂದು ಕಾಲು ಹೊರಗಿಟ್ಟರೆ ಸಾಕು, ಬೆನ್ನ ಹಿಂದೆ ಟಕ್ ಎಂದು ಸ್ವಿಚ್ಚು ಬೀಳುತ್ತದೆ. ಸ್ನಾನದ ಮನೆಯಲ್ಲಿ ತಲೆಗೆ ಸೋಪು ಹಚ್ಚಿಕೊಂಡು ನಾನು ಕತ್ತಲಲ್ಲಿ ಕಿರುಚಿದ್ದಕ್ಕೆ ಲೆಕ್ಕವಿಲ್ಲ.

ಬಿರುಗಾಳಿ ಬಂದು ಊರಿನ ಅರ್ಧ ಕಂಬಗಳನ್ನು ಮಲಗಿಸಿದ ದಿನ ನಾನು ಕಾರನ್ನು ಹಿತ್ತಲ ಕಡೆಯ ಕಿಟಕಿಯ ಕೆಳಗೆ ನಿಲ್ಲಿಸಿ, ಮೂರನೇ ಮಹಡಿಯಿಂದ ವಯರ್ ಇಳಿಬಿಟ್ಟು ಪ್ಲಗ್ ಸಿಕ್ಕಿಸಿದೆ. ಯಂತ್ರ ಬುಸ್ ಎಂದಿತು, ಅಪ್ಪನ ಎದೆ ಏರಿತು. "ನೋಡ್ದೇನಮ್ಮಾ ನನ್ನ ಕಾರು!" ಎಂದು ಜಂಬ ಕೊಚ್ಚಿಕೊಂಡೆ. ಕಾರಿನಲ್ಲಿ ಎಂಬತ್ತೆಂಟು ಪರ್ಸೆಂಟ್ ಚಾರ್ಜ್ ಇತ್ತು.

ಹತ್ತು ನಿಮಿಷಕ್ಕೆ ಯಂತ್ರ ಕೂಗತೊಡಗಿತು. ಕರೆಂಟ್ ಬರುತ್ತಿರಲಿಲ್ಲ. ಯಂತ್ರದೊಳಗಿನ ಬ್ಯಾಟರಿ ಹಳೆಯದು, ಹೆಚ್ಚೆಂದರೆ ಐದು ನಿಮಿಷ ತಡೆಯುತ್ತಿತ್ತು. ಮೆಟ್ಟಿಲು ಹಾರಿಕೊಂಡು ಇಳಿದು ನೋಡಿದರೆ ಕಾರು ಗಪ್‌ಚಿಪ್. ಗುಂಡಿ ಒತ್ತಿದರೆ ಮತ್ತೆ ಶುರು. ಮೇಲೆ ಬಂದು ಉಸಿರು ಬಿಡುವಷ್ಟರಲ್ಲಿ ಮತ್ತೆ ಕೂಗು. ಹೀಗೆ ಆರು ಸಲ ಇಳಿದು ಹತ್ತಿದೆ. ಆರನೇ ಸಲ ಕಾರಿನ ಬಾನೆಟ್ಟಿಗೆ ಕಾಲಿನಿಂದ ಒದ್ದೆ.

ಕೆಳಗಿನ ಮನೆಯ ವೈರ್‌ಮನ್ ಹೊರಗೆ ಬಂದ. ನಾವೆಲ್ಲ ಅವನನ್ನು ವಯರಣ್ಣ ಎನ್ನುತ್ತೇವೆ. ಕಾರಿನ ಪುಸ್ತಕ ತಿರುವಿಹಾಕಿ ನೋಡಿ, "ನಿಮ್ಮ ಮಿಷನ್ ಎಳೆಯೋದು ನಲವತ್ತು ವಾಟು ಅಕ್ಕಾ. ಕಾರಿಗೆ ಅದು ಲೆಕ್ಕಕ್ಕೇ ಇಲ್ಲ. ಯಾರೂ ಬಳಸ್ತಾ ಇಲ್ಲ ಅಂದ್ಕೊಂಡು ಮಲಗಿಬಿಡುತ್ತೆ" ಎಂದ.

"ಮಲಗುತ್ತಾ? ಅಲ್ಲಿ ನಮ್ಮಪ್ಪ ಸಾಯ್ತಿದಾನೆ, ಇದು ಮಲಗುತ್ತಾ?"

"ದೊಡ್ಡದೇನಾದ್ರೂ ಜೊತೆಗೆ ಹಚ್ಚಿಡಿ. ಎಚ್ಚರ ಇರುತ್ತೆ."

ದೊಡ್ಡದು ಏನಿದೆ? ಫ್ರಿಜ್ಜು ನಡುನಡುವೆ ತಾನಾಗಿ ನಿಲ್ಲುತ್ತದೆ. ಬಲ್ಬುಗಳೆಲ್ಲ ಈಗ ಸಣ್ಣ ಹೊಟ್ಟೆಯವು. ಕೊನೆಗೆ ಅಟ್ಟದಿಂದ ಹಳೇ ಇಸ್ತ್ರಿಪೆಟ್ಟಿಗೆ ಇಳಿಸಿದೆ. ಕಾದ ಮೇಲೆ ತಾನಾಗಿ ಆರುವ ಬುದ್ಧಿ ಅದಕ್ಕಿಲ್ಲ. ಬಾಲ್ಕನಿಯಲ್ಲಿ ನಾಲ್ಕು ಇಟ್ಟಿಗೆಯ ಮೇಲಿಟ್ಟು, ಕಾರಿನ ವಯರಿಗೇ ಸಿಕ್ಕಿಸಿ ಹಚ್ಚಿದೆ. ಕಾರು ಎಚ್ಚರವಾಗಿ ಉಳಿಯಿತು. ಅಪ್ಪನ ಒಂದು ಪಾಲು ಉಸಿರಿಗೆ ಹತ್ತು ಪಾಲು ಬೆಂಕಿ ದಂಡ. ಗಂಟೆಗೆ ಎರಡು ಪರ್ಸೆಂಟ್ ಚಾರ್ಜ್ ಇಳಿಯುತ್ತಿತ್ತು. ಇಪ್ಪತ್ತಕ್ಕೆ ಬಂದರೆ ಕಾರು ತನ್ನ ಬ್ಯಾಟರಿ ಕಾಪಾಡಿಕೊಳ್ಳಲು ಕೊಡುವುದನ್ನೇ ನಿಲ್ಲಿಸುತ್ತದೆ ಎಂದೂ ಆ ಪುಸ್ತಕದಲ್ಲೇ ಇತ್ತು.

ಆ ರಾತ್ರಿ ನಾನು ರೆಪ್ಪೆ ಮುಚ್ಚಲಿಲ್ಲ. ಬೆಳಿಗ್ಗೆ ಕಾರಿನಲ್ಲಿ ಐವತ್ತೆರಡು ಉಳಿದಿತ್ತು. ಕರೆಂಟ್ ಆಫೀಸಿಗೆ ಫೋನ್ ಮಾಡಿದರೆ, "ನಾಲ್ಕು ಗಂಟೆ ಒಳಗೆ ಬರುತ್ತೆ" ಎಂದರು. ನಿನ್ನೆ ಮಧ್ಯಾಹ್ನದಿಂದ ಅದೇ ನಾಲ್ಕು ಗಂಟೆ. ಆಂಬುಲೆನ್ಸಿನವರು, "ನಿಮ್ಮ ರಸ್ತೆಗೆ ಮರ ಬಿದ್ದಿದೆ, ಪೇಷೆಂಟನ್ನ ಎತ್ಕೊಂಡು ಮೇನ್ ರೋಡಿಗೆ ಬನ್ನಿ" ಎಂದರು. ಐದು ನಿಮಿಷದ ಬ್ಯಾಟರಿಯಲ್ಲಿ ಅದು ಆಗದ ಮಾತು. ಕಾರು ಚಾರ್ಜ್ ಮಾಡಿಸೋಣವೆಂದರೆ ಊರಲ್ಲಿ ಎಲ್ಲೂ ಕರೆಂಟ್ ಇಲ್ಲ. ಇದ್ದರೂ ಕಾರು ಕದಲಿದರೆ ಅಪ್ಪನ ಉಸಿರೂ ಅದರ ಜೊತೆ ಹೋಗುತ್ತದೆ. ಉಳಿದದ್ದು ಒಂದೇ ದಾರಿ. ಯಂತ್ರ ಬಾಡಿಗೆ ಕೊಟ್ಟ ಅಂಗಡಿಯಲ್ಲಿ ಎಂಟು ಗಂಟೆ ಬಾಳುವ ಬೇರೆ ಬ್ಯಾಟರಿ ಇರುತ್ತದೆ. ಆ ಅಂಗಡಿಯವನು ಫೋನ್ ಎತ್ತುತ್ತಿರಲಿಲ್ಲ. ನಡೆದೇ ಹೋಗಬೇಕು, ಒಂದು ಗಂಟೆ ದಾರಿ.

ಚಪ್ಪಲಿ ಮೆಟ್ಟುವಾಗ ನೋಡಿದರೆ ಅಮ್ಮ ಬಾಲ್ಕನಿಯಲ್ಲಿ ಬಗ್ಗಿ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚಿನ ಕಡೆ ಕೈ ಚಾಚಿದ್ದಾಳೆ. ನನಗೆ ರಕ್ತ ತಲೆಗೇರಿತು.

"ಅಮ್ಮಾ! ಅದನ್ನ ಮುಟ್ಟಿದ್ರೆ ನೋಡು!"

"ಸುಮ್ನೆ ಉರೀತಿದೆಯಲ್ಲೇ. ಬಟ್ಟೆ ಇಲ್ಲ, ಏನಿಲ್ಲ."

"ಉರೀಲಿ ಬಿಡು!"

"ನಿಮ್ಮಪ್ಪನ ಚಾರ್ಜನ್ನೇ ಅಲ್ವಾ ಇದು ತಿಂತಿರೋದು? ಯಾಕೆ ಅಂತಾದ್ರೂ ಹೇಳು."

"ಹೇಳಿದ್ರೆ ನಿಂಗೆ ತಿಳಿಯುತ್ತಾ? ನಿನ್ನೆಯಿಂದ ಮೆಟ್ಟಿಲು ಹತ್ತಿ ಇಳಿದು ನನ್ನ ಪ್ರಾಣ ಹೋಗಿದೆ. ಸುಮ್ನೆ ಕೂತ್ಕೋ ಅಂದ್ರೆ ಕೂತ್ಕೋ!"

ಹೇಳುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಎರಡು ಮಾತು. ಕಾರು ಮಲಗಬಾರದು ಅಂತ ಕಣಮ್ಮ, ಅಷ್ಟೇ. ಅಷ್ಟು ಹೇಳಿದ್ದರೆ ನನ್ನ ಬಾಯಿ ಸವೆದುಹೋಗುತ್ತಿತ್ತೇ? ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಅಪ್ಪ ಮಂಚದಿಂದ ನನ್ನನ್ನೇ ನೋಡುತ್ತಿದ್ದ. ಬೆರಳು ಕೆಳಗೆ ಮಾಡಿದ. ದಿಂಬು ಇಳಿಸಲೆಂದು ಹೋದರೆ ಕಣ್ಣಲ್ಲೇ ಬೇಡವೆಂದ. ದನಿ ಇಳಿಸು ಎಂದನೆಂದು ನನಗೆ ಗೊತ್ತಾಯಿತು. ಆದರೂ ಬಾಗಿಲು ದಢಾರನೆ ಎಳೆದುಕೊಂಡೇ ಹೊರಟೆ.

ಅಂಗಡಿಯಲ್ಲಿ ಉಳಿದಿದ್ದದ್ದು ಒಂದೇ ಬ್ಯಾಟರಿ. "ಬೇರೆಯವರಿಗೆ ಹೇಳಿಬಿಟ್ಟಿದ್ದೀನಿ" ಎಂದ ಅವನು. ನಾನು ಬೈದೆ, ಅತ್ತೆ, ಕಾಲಿಗೂ ಬಿದ್ದೆ. ಕೊನೆಗೆ ಅವನ ಹೆಂಡತಿ ಒಳಗಿನಿಂದ ಬಂದು, "ಕೊಟ್ಟು ಕಳ್ಸಿ, ಪಾಪ" ಎಂದಳು. ಆ ಭಾರವನ್ನು ಮಗುವಿನ ಹಾಗೆ ಸೊಂಟಕ್ಕೆ ಏರಿಸಿಕೊಂಡು, ಬಿದ್ದ ಕಂಬ ದಾಟಿ, ಮರ ದಾಟಿ ಓಡಿ ಬಂದೆ. ದಾರಿಯುದ್ದಕ್ಕೂ ಗೆದ್ದೆ ಗೆದ್ದೆ ಎಂದು ಒಬ್ಬಳೇ ಹೇಳಿಕೊಳ್ಳುತ್ತಿದ್ದೆ.

ನಮ್ಮ ಕಟ್ಟಡದ ಮೆಟ್ಟಿಲಲ್ಲಿ ಅಮ್ಮ ಸಿಕ್ಕಳು. ಪಂಪು ನಡೆಯದೆ ನಲ್ಲಿಯಲ್ಲಿ ನೀರಿಲ್ಲ. ಕೆಳಗಿನ ತೊಟ್ಟಿಗೆ ಸಾಲು ನಿಂತು ಬಕೆಟ್ ತುಂಬಿಕೊಂಡು ಬರುತ್ತಿದ್ದಳು.

"ಅಪ್ಪನ್ನ ಒಬ್ಬನ್ನೇ ಬಿಟ್ಟು ಬಂದಿದ್ದೀಯಾ?"

"ಒಂದು ಹನಿ ನೀರಿಲ್ಲ ಕಣೇ, ಅವರ ಬಾಯಿ ಒರೆಸೋಕೂ. ಮಿಷನ್ ಚೆನ್ನಾಗಿ ನಡೀತಿತ್ತು, ನೋಡಿಯೇ ಬಂದೆ. ಸಾಲಲ್ಲಿ ಅರ್ಧ ಗಂಟೆ ಹಿಡೀತು." ಆಮೇಲೆ, ನಾನು ಬೈಯುತ್ತೇನೆಂಬ ಅಂಜಿಕೆ ಒಂದು ಕಡೆ, ಜಾಣತನ ಮಾಡಿದ ಹೆಮ್ಮೆ ಒಂದು ಕಡೆ, ಮೆಲ್ಲಗೆ ಹೇಳಿದಳು: "ಬರ್ತಾ ಇಸ್ತ್ರಿಪೆಟ್ಟಿಗೆ ಆರಿಸಿ ಬಂದೆ. ಅವರಿಗೆ ಉಳೀಲಿ ಅಂತ."

ಮೂರು ಮಹಡಿ ಹೇಗೆ ಹತ್ತಿದೆನೋ ತಿಳಿಯದು. ಯಂತ್ರ ಕೂಗುತ್ತಿರಲಿಲ್ಲ. ಕೂಗಿ ಕೂಗಿ ಅದರ ಬ್ಯಾಟರಿಯೂ ಮುಗಿದಿತ್ತು. ಅಪ್ಪನ ಕಣ್ಣು ಅರ್ಧ ತೆರೆದಿತ್ತು, ತುಟಿ ನೀಲಿಯಾಗಿತ್ತು. ಹೊಸ ಬ್ಯಾಟರಿ ಸಿಕ್ಕಿಸಿದೆ. ಬುಸ್ ಎಂದಿತು. ಅಪ್ಪನ ಎದೆ ಏರಿತು, ಇಳಿಯಿತು, ಮತ್ತೆ ಏರಿತು.

ಅಷ್ಟರಲ್ಲಿ ಅಮ್ಮ ಬಾಗಿಲಿಗೆ ಬಂದಳು. "ಉಸಿರಾಡ್ತಿದಾರೆ! ನೋಡೇ, ಉಸಿರಾಡ್ತಿದಾರೆ!"

ಉಸಿರಾಡುತ್ತಿದ್ದದ್ದು ಯಂತ್ರ. ಅಪ್ಪನ ಬೆರಳು ಹಿಡಿದು, "ಯಾವ ಮಹಡಿ ಸಾರ್? ಯಾವ ಮಹಡಿ? ಹೇಳಪ್ಪಾ" ಎಂದು ಎಷ್ಟು ಸಲ ಕೇಳಿದೆನೋ. ನನ್ನ ಕೂಗು ಕೇಳಿ ಓಡಿ ಬಂದ ವಯರಣ್ಣ ಕತ್ತಿನ ಬಳಿ ಎರಡು ಬೆರಳಿಟ್ಟು ಬಹಳ ಹೊತ್ತು ನೋಡಿದ. ಆಮೇಲೆ ಯಂತ್ರವನ್ನು ಅವನೇ ಆರಿಸಿದ. ನಾನಾಗಲಿ ಅಮ್ಮನಾಗಲಿ ಆ ಸ್ವಿಚ್ಚು ಮುಟ್ಟಲು ಆಗುತ್ತಿರಲಿಲ್ಲ.

ಅಮ್ಮ ಬಕೆಟ್ ಕೆಳಗಿಟ್ಟು ಮಂಚದ ಪಕ್ಕ ನೆಲದ ಮೇಲೆ ಕೂತಳು. ಅಲ್ಲಿಂದಲೇ ಕೇಳಿದಳು: "ಏನಾಯ್ತೇ? ಕಾರಿನ ಚಾರ್ಜ್ ಮುಗೀತಾ?"

ಕಾರಿನಲ್ಲಿ ನಲವತ್ತಾರು ಪರ್ಸೆಂಟ್ ಇತ್ತು, ಆಮೇಲೆ ಇಳಿದು ನೋಡಿದೆ. ಕಾರು ಮಲಗಿತ್ತೆಂದು ತಿಳಿಯಲು ಆಗ ನೋಡುವುದೇ ಬೇಕಿರಲಿಲ್ಲ. ವಯರಣ್ಣನ ಕಣ್ಣು ಬಾಲ್ಕನಿಯ ಇಟ್ಟಿಗೆಗಳ ಕಡೆ ಹೋಗಿ ನನ್ನ ಮುಖಕ್ಕೆ ಬಂತು.

"ಹೌದಮ್ಮ," ಎಂದೆ. "ಮುಗೀತು. ಅಲ್ವಾ ವಯರಣ್ಣಾ?"

ಅವನು ತಲೆಯಾಡಿಸಿದ. "ಹೂಂ. ಖಾಲಿ ಆಗಿತ್ತಮ್ಮ."

"ಅಯ್ಯೋ, ನಾನು ಇನ್ನೂ ಮೊದಲೇ ಆರಿಸ್ಬೇಕಿತ್ತು," ಎಂದು ಅಮ್ಮ ತಲೆ ತಲೆ ಚಚ್ಚಿಕೊಂಡಳು. "ಬೆಳಿಗ್ಗೆ ಕೈ ಹಾಕಿದಾಗಲೇ ಆರಿಸಿಬಿಟ್ಟಿದ್ರೆ!"

ನಾನು ಅವಳ ಕೈ ಹಿಡಿದುಕೊಂಡೆ. "ಇಲ್ಲಮ್ಮ. ನೀನು ಆರಿಸಿದ್ದಕ್ಕೇ ಅಷ್ಟು ಹೊತ್ತಾದ್ರೂ ಬಂತು. ಇಲ್ದಿದ್ರೆ ಇನ್ನೂ ಮುಂಚೆನೇ ಹೋಗ್ತಿತ್ತು." ಜೀವಮಾನದಲ್ಲಿ ನಾನು ಅವಳನ್ನು ಹೊಗಳಿದ್ದು ಅದೇ ಮೊದಲು.

ಅವಳು ಆ ಮಾತನ್ನು ಹಿಡಿದುಕೊಂಡಳು. ಅಳು ಸ್ವಲ್ಪ ತಗ್ಗಿತು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು.

"ಹಾಗಾದ್ರೆ ಈಗಲಾದ್ರೂ ಹೇಳು. ನಿನ್ನೆಯಿಂದ ಅದನ್ನ ಸುಮ್ನೆ ಯಾಕೆ ಉರಿಸ್ದೆ?"

ವಯರಣ್ಣ ಬಾಯಿ ತೆರೆದ. ನಾನು ಅವನ ಕಡೆ ನೋಡಿದೆ, ಅವನು ಬಾಯಿ ಮುಚ್ಚಿದ.

"ಹಠ ಕಣಮ್ಮ," ಎಂದೆ. "ನಂಗೇ ಎಲ್ಲಾ ಗೊತ್ತು ಅಂತ ಹಚ್ಚಿದೆ. ನೀನು ಬೇಡ ಅಂದೆಯಲ್ಲ, ಅದಕ್ಕೇ ಹಠಕ್ಕೆ ಬಿದ್ದು ಉರಿಸ್ದೆ."

ಅವಳು ನಂಬಿದಳು. ನಂಬದೆ ಏನು, ನನ್ನನ್ನು ಹೆತ್ತವಳಲ್ಲವೇ, ನನ್ನ ಹಠ ಅವಳಿಗೆ ಗೊತ್ತಿಲ್ಲವೇ. ನನ್ನ ಕೈಯೊಳಗಿಂದ ತನ್ನ ಕೈ ಬಿಡಿಸಿಕೊಂಡಳು.

"ನಿನ್ನ ಹಠಕ್ಕೆ ಅವರು ಹೋದ್ರಲ್ಲೇ," ಎಂದಳು.

"ಹೌದಮ್ಮ," ಎಂದೆ.