ಸಪ್ಪಳವಿಲ್ಲದ ಫ್ಯಾನು

“ನಿಂತಿತಲ್ಲ! ಗದ್ದೆಪ್ಪಾ, ನಿಂತಿತಲ್ಲೋ ಇದು!”

ಅಂಬಪ್ಪ ಕುರ್ಚಿಯಿಂದ ಅರ್ಧ ಎದ್ದವನು ಹಾಗೇ ಬಾಗಿ ನಿಂತ. ಸಿಂಧನೂರಿನ ಗದ್ದೆಪ್ಪನ ಅಂಗಡಿಯ ಕಂಪ್ಯೂಟರ್ ಪರದೆಯ ಮೇಲೆ ಅವನ ಮಗಳು ಸೂಗಮ್ಮನ ಹೆಸರಿತ್ತು, ಪಕ್ಕದಲ್ಲಿ ಜವಳಗೇರಾದ ಗೋಪಣ್ಣನ ಹೆಸರಿತ್ತು. ಅವುಗಳ ಕೆಳಗೆ ಇಬ್ಬರ ಜಾತಕದ ಗುಣ ಕೂಡಿಸುವ ಗೆರೆ ಅರ್ಧಕ್ಕೆ ಬಂದು ಗೂಟ ಬಡಿದಂತೆ ನಿಂತುಬಿಟ್ಟಿತ್ತು. ಗದ್ದೆಪ್ಪ ಕೀಬೋರ್ಡಿನ ಗುಂಡಿಗಳನ್ನು ಒಂದೊಂದಾಗಿ ಒತ್ತಿದ, ಆಮೇಲೆ ಎಲ್ಲವನ್ನೂ ಒಟ್ಟಿಗೆ ಕುಟ್ಟಿದ. ಗೆರೆ ಜಪ್ಪಯ್ಯ ಅನ್ನಲಿಲ್ಲ.

“ಮಾಮಾ, ಈ ಮಧ್ಯಾಹ್ನದ ಬಿಸಲಿಗೆ ಇದು ಬಿಸಿಯಾಗಿ ನಿಂತೈತಿ. ಒಳಗ ಪ್ರೊಸೆಸರ್ ಅಂತ ಇರತೈತಿ, ಲೆಕ್ಕ ಎಲ್ಲಾ ಅದ ಮಾಡ್ತೈತಿ. ಅದು ಕಾಯ್ದು ಕೆಂಡ ಆತಂದ್ರ ಹಿಂಗ ನಿಂತುಬಿಡತೈತಿ. ಜರಾ ಆರಲಿ, ಮತ್ತ ಹಚ್ಚತೀನಿ.”

“ಮುಂಜಾನಿಂದ ಎಲ್ಲರದೂ ಸರಾಗ ಬಂತು. ನನ್ನ ಮಗಳ ಹೆಸರು ಬಂದಕೂಡ್ಲೆ ಕಾಯ್ತೇನು ನಿನ್ನ ಮಷೀನು?”

ಗೋಪಣ್ಣನ ತಾಯಿ ಬಸವಣ್ಣೆಮ್ಮ ಬೆಂಚಿನ ತುದಿಯಲ್ಲಿ ಕೂತಿದ್ದಳು. ಎದ್ದು ಸೆರಗು ಸರಿ ಮಾಡಿಕೊಂಡಳು. “ಮುಂದ ನೋಡೂಣ್ರಿ ಅಣ್ಣಾರ. ದೇವ್ರು ಏನೋ ಹೇಳಾಕತ್ತಾನ” ಎಂದವಳೇ ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಅಲ್ಲಿಗೆ ಮುಗಿಯಿತು. ಸಂಜೆಯ ಹೊತ್ತಿಗೆ ಸಿಂಧನೂರಿನ ಚಹಾದಂಗಡಿಗಳಲ್ಲಿ, ಮಾರನೆಯ ದಿನಕ್ಕೆ ಮಸ್ಕಿಯಲ್ಲಿ ಅಂಬಪ್ಪನ ಓಣಿಯ ತುಂಬ ಒಂದೇ ಮಾತು: ಕಂಪ್ಯೂಟರು ಸೂಗಮ್ಮನ ಸಾಲಾವಳಿಯನ್ನು ಒಲ್ಲೆ ಅಂದಿತಂತೆ.

ಗದ್ದೆಪ್ಪನಿಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ರೇಡಿಯೋ, ಟೀವಿ ರಿಪೇರಿ ಮಾಡಿಕೊಂಡು ತನ್ನ ಪಾಡಿಗೆ ತಾನಿದ್ದವನು. ಹೈದರಾಬಾದಿಗೆ ಹೋಗಿ ಕಂಪ್ಯೂಟರು ಹೊತ್ತು ತಂದು, ತಗಡಿನ ಅಂಗಡಿಗೆ ‘ಕಂಪ್ಯೂಟರ್ ಜಾತಕ, ಸಾಲಾವಳಿ’ ಎಂದು ಬೋರ್ಡು ಬರೆಸಿದ್ದು ಯಾವ ಘಳಿಗೆಯಲ್ಲೋ! ಅದರ ಜೊತೆ ಬಂದಿದ್ದ ಫ್ಯಾನು ಪ್ರೊಸೆಸರನ್ನು ತಣ್ಣಗೇನೋ ಇಡುತ್ತಿತ್ತು. ಆದರೆ ಅದರ ಸಪ್ಪಳ ಮಾತ್ರ ಹಿಟ್ಟಿನ ಗಿರಣಿಯದು. ಗುಣ ಎಷ್ಟು ಕೂಡಿದವೆಂದು ಗದ್ದೆಪ್ಪ ಕೂಗಿ ಹೇಳಬೇಕಾಗುತ್ತಿತ್ತು, ಬಂದವರು “ಆಂ? ಆಂ?” ಎಂದು ಕಿವಿ ಮುಂದೆ ಮಾಡುತ್ತಿದ್ದರು. ಅದೂ ಹೋಗಲಿ, ನಡುನಡುವೆ ಅದು ಲೊಚ್, ಲೊಚ್ ಅನ್ನುತ್ತಿತ್ತು. ಲಿಂಗಸುಗೂರಿನಿಂದ ಬಂದ ಮುದುಕನೊಬ್ಬ ಅದನ್ನು ಕೇಳಿ ಹಲ್ಲಿ ನುಡಿಯಿತೆಂದು ಮೊಮ್ಮಗನ ಸಂಬಂಧವನ್ನೇ ಬಿಟ್ಟೆದ್ದು ಹೋದ. ಹಲ್ಲಿಯಲ್ಲಪ್ಪಾ, ಫ್ಯಾನಿನ ರೆಕ್ಕೆ ತಂತಿಗೆ ತಾಗುತ್ತದೆ ಎಂದರೆ ಕೇಳುವವರು ಯಾರು? ಈ ಶಕುನದ ಕಾಟ ತಡೆಯಲಾರದೆ ಅಲ್ಲವೇ ಅವನು ಮತ್ತೆ ಹೈದರಾಬಾದಿಗೆ ಹೋಗಿ ಸಪ್ಪಳವಿಲ್ಲದ ಫ್ಯಾನು ತಂದು, ಸಾಲಾವಳಿ ನಿಂತ ಆ ದಿನ ಬೆಳಿಗ್ಗೆಯೇ ಹಾಕಿದ್ದು! ಈಗ ನೋಡಿದರೆ ಹಲ್ಲಿ ಹೋಗಿ ಸಾಕ್ಷಾತ್ ದೇವರೇ ಬಂದು ಕೂತಿದ್ದ.

ಎರಡು ದಿನ ಬಿಟ್ಟು ಅಂಬಪ್ಪ ಮತ್ತೆ ಬಂದ. ಮುಖ ಬಾಡಿತ್ತು, ಸಿಟ್ಟು ಇಳಿದಿರಲಿಲ್ಲ.

“ಗೋಪಣ್ಣ ಹೇಳಿ ಕಳಿಸ್ಯಾನ. ಹುಡುಗಿ ಅವಗ ಪಸಂದ್ ಅದಾಳಂತ. ಮಷೀನ್ದ ತಪ್ಪು ಅಂತ ತೋರಿಸಿದ್ರ ಶುಕ್ರವಾರ ಮಾತು ಮುಗಿಸಿಬಿಡೂಣು ಅಂದಾನ. ಫ್ಯಾನ್ ಸರಿ ಇಲ್ಲದ್ದಕ್ಕ ಬಿಸಿಯಾಗಿ ನಿಂತೈತಿ ಅಂತ ನೀನ ಹೇಳಿ ಕಳಿಸಿದ್ದಿ, ಈಗ ಎರಡೂ ಮನಿಯವರ ಮುಂದ ಛಲೋ ಫ್ಯಾನ್ ಹಾಕಿ ತೋರಿಸು. ಇಲ್ಲಂದ್ರ ನನ್ನ ಮಗಳ ಮದಿವಿ ಮುರದಾಂವ ನೀನ ಅಂತೀನಿ. ಹಾದಿ ಬೀದಿ ಎಲ್ಲಾ ಅಂತೀನಿ.”

“ತೋರಸ್ತೀನಿ ಮಾಮಾ. ಕಣ್ಣಾರೆ ತೋರಸ್ತೀನಿ” ಎಂದ ಗದ್ದೆಪ್ಪ. ಅವನಿಗೂ ಅದೇ ಬೇಕಾಗಿತ್ತು. ಯಂತ್ರ ಯಂತ್ರವೇ, ಅದಕ್ಕೆ ಯಾರ ಮದುವೆಯ ಗೊಡವೆಯೂ ಇಲ್ಲವೆಂದು ಈ ಊರಿಗೆ ಒಮ್ಮೆಯಾದರೂ ತಿಳಿಯಲಿ.

ಪಕ್ಕದ ಕೈಗಡಿಯಾರದ ಅಂಗಡಿಯ ಉಸ್ಮಾನ್‌ಸಾಬನನ್ನು ಕರೆದುಕೊಂಡು, ನಡು ಮಧ್ಯಾಹ್ನ, ತಗಡು ಕಾದು ಚಟಚಟ ಅನ್ನುವ ಹೊತ್ತಿನಲ್ಲಿ ಅವನು ಎರಡೂ ಫ್ಯಾನುಗಳ ಪರೀಕ್ಷೆಗೆ ಕೂತ. ಕಂಪ್ಯೂಟರಿನ ಡಬ್ಬಿಯ ಮುಚ್ಚಳ ಬಿಚ್ಚಿದ. ಪ್ರೊಸೆಸರಿನ ಮೇಲೆ ಅದರ ಬಿಸಿ ಹೀರುವ ಅಲ್ಯೂಮಿನಿಯಂ ಬಿಲ್ಲೆ, ಬಿಲ್ಲೆಯ ಮೇಲೆ ಅಂಗೈಯಲ್ಲಿ ಹಿಡಿಸುವಷ್ಟು ಫ್ಯಾನು. ಸಾಲಾವಳಿಗೆ ಯಾರ ಹೆಸರು ಕೊಡುವುದೆಂದು ನೋಡಿ, ಉಸ್ಮಾನ್‌ಸಾಬನದನ್ನೂ ಅವನ ಹೆಂಡತಿ ರಹೀಮಾಬೀಯದನ್ನೂ ಕೊಟ್ಟ.

“ಯಾಕೋ ಭಾಯ್, ಮೊಮ್ಮಕ್ಕಳಾದ ಮ್ಯಾಲೆ ನಮದು ಕೂಡಲಿಲ್ಲಂದ್ರ ಆಕೀನ ಎಲ್ಲಿಗೆ ಕಳಿಸ್ಲಿ?” ಎಂದು ಉಸ್ಮಾನ್‌ಸಾಬ್ ನಕ್ಕ.

ಹಳೆಯ ಫ್ಯಾನು ಹಾಕಿ ಅದೇ ಸಾಲಾವಳಿಯನ್ನು ಮೇಲಿಂದ ಮೇಲೆ ಓಡಿಸಿದರು. ಕಂಪೌಂಡರನ ಹತ್ತಿರ ಕಾಡಿ ಬೇಡಿ ತಂದ ಜ್ವರದ ಕಡ್ಡಿಯನ್ನು ಬಿಲ್ಲೆಗೆ ಒತ್ತಿ ಹಿಡಿದರೆ ಪಾದರಸ ಸಣ್ಣ ಜ್ವರದವರೆಗೆ ಏರಿ ಅಲ್ಲೇ ನಿಂತಿತು. ಯಂತ್ರ ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ. ಸಪ್ಪಳ ಎಲ್ಲಿಯವರೆಗೆ ಕೇಳುತ್ತದೆ ನೋಡು ಎಂದು ಉಸ್ಮಾನ್‌ಸಾಬನನ್ನು ರಸ್ತೆಗೆ ಅಟ್ಟಿದ್ದಕ್ಕೆ ಅವನು ಬಸ್‌ಸ್ಟ್ಯಾಂಡ್ ಮುಟ್ಟಿ, ಅಲ್ಲೊಂದು ಬೀಡಿ ಸೇದಿ ಬಂದು, “ಅಲ್ಲೀತನಾ ಬರತೈತಿ ನಿನ್ನ ಆವಾಜ್” ಎಂದ.

ಆಮೇಲೆ ಹೊಸದು. ಡಬ್ಬಿಗೆ ಕಿವಿ ಹಚ್ಚಿದರೂ ಸಪ್ಪಳವೆಂಬುದಿಲ್ಲ. ತಿರುಗುತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕು. ಎರಡನೆಯ ಸಲ ಓಡಿಸುವಾಗಲೇ ಪರದೆ ನಿಂತಿತು. ಕಡ್ಡಿ ಹಚ್ಚಿದರೆ ಪಾದರಸ ಸರ್‍ರನೆ ತುದಿಗೆ ಹೋಗಿ ಗಾಜು ಚಿಟ್ಟೆಂದು ಸೀಳಿತು.

“ಕಂಪೌಂಡರಗ ನೀನ ಹೇಳಪಾ” ಎಂದು ಉಸ್ಮಾನ್‌ಸಾಬ್ ಜಾಗ ಖಾಲಿ ಮಾಡಿದ.

ಗದ್ದೆಪ್ಪನಿಗೆ ಗಾಜು ಒಡೆದದ್ದಕ್ಕೂ ಖುಷಿಯಾಯಿತು. ಸಪ್ಪಳ ಮಾಡುವುದು ತಣ್ಣಗಿಡುತ್ತದೆ, ಸುಮ್ಮನಿರುವುದು ಸುಡುತ್ತದೆ. ಇಷ್ಟೇ ವಿಷಯ. ಇದರಲ್ಲಿ ದೇವರೆಲ್ಲಿ ಬಂದ?

ಗುರುವಾರ ಸೂಗಮ್ಮ ಬಂದಳು. ಗಡಿಯಾರದ ಪಟ್ಟಿ ಹಾಕಿಸುವ ನೆಪ ಮಾಡಿಕೊಂಡು ಮಸ್ಕಿಯಿಂದ ಬಂದವಳು ಇತ್ತ ಸರಿದು ಬಾಗಿಲಲ್ಲಿ ನಿಂತಳು.

“ಯಣ್ಣಾ, ನಾಳಿ ಯಾವ ಫ್ಯಾನ್ ಹಾಕತಿ?”

“ಛಲೋದ ಹಾಕತೀನಿ. ನೀ ಏನ್ ಕಾಳಜಿ ಮಾಡಬ್ಯಾಡ. ಬರೋಬ್ಬರಿ ಬರತೈತಿ ನೋಡು.”

“ಬರೂದು ಬ್ಯಾಡ ಯಣ್ಣಾ.”

ಗದ್ದೆಪ್ಪ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

“ನನ್ನ ನೋಡಾಕ ಬಂದಾಗ ಅವರವ್ವನ ಕೈಯಾಗಿನ ಚಾ ತುಳುಕಿ ಅವನ ಅಂಗಿ ಮ್ಯಾಲೆ ಬಿತ್ತು. ಒಂದು ಹನಿ. ಎಲ್ಲಾರ ಮುಂದ ‘ಕಣ್ಣು ಕಿತ್ತಿಟ್ಟು ಬಂದೀಯೇನಲೇ’ ಅಂತ ಒದರಿದ. ಹೆತ್ತ ತಾಯಿಗಿ, ಯಣ್ಣಾ. ಆಕಿ ನಕ್ಕಳು. ನಕ್ಕೊಂತ ಸೆರಗಿಲೆ ಅವನ ಅಂಗಿ ಒರಸಿದಳು. ನಾಳಿ ನಾನೂ ಹಂಗ ನಗಬೇಕಾ?”

“ಅಪ್ಪಗ ಹೇಳಬೇಕಿಲ್ಲ ಇದನ್ನ?”

“ಹೇಳೀನಿ. ಗಂಡಸ್ರು ಸಿಟ್ಟಿಗೊಂದು ಮಾತು ಅಂತಾರ, ಹೆಂಗಸ್ರು ತಡಕೋಬೇಕು ಅಂದ. ನಾ ಅತ್ತು ಕರದು ಹೇಳಿದ್ದು ಕೇಳ್ಲಿಲ್ಲ, ನಿನ್ನ ಡಬ್ಬಿ ಹೇಳಿದ್ದು ಕೇಳಿದ.”

ಗದ್ದೆಪ್ಪನಿಗೆ ರೇಗಿಹೋಯಿತು. ಯಾರ ಮೇಲೆ ಎಂದು ಅವನಿಗೇ ತಿಳಿಯಲಿಲ್ಲ. “ಎಲ್ಲಾರೂ ನನ್ನ ಮಷೀನಿಗೇ ಗಂಟು ಬೀಳ್ತೀರಲ್ಲವ್ವಾ! ಅದು ಏನೂ ಹೇಳಿಲ್ಲ, ಅದಕ್ಕ ಬಾಯಿಲ್ಲ. ಬಿಸಿ ಆಗೇತಿ, ನಿಂತೈತಿ. ನಾಳಿ ನಾ ಸುಳ್ಳ ತೋರಿಸಿದ್ರ ಈ ಊರಾಗ ನಾ ಹೇಳಿದ್ದು ಯಾರು ನಂಬತಾರ? ನನ್ನ ಕೈಲೆ ಆಗಂಗಿಲ್ಲ.”

“ಆತು ಬಿಡಣ್ಣಾ” ಎಂದು ಸೂಗಮ್ಮ ಹೊಸ ಪಟ್ಟಿಯನ್ನು ಮಣಿಕಟ್ಟಿಗೆ ಬಿಗಿದುಕೊಳ್ಳುತ್ತ ಮೆಟ್ಟಿಲಿಳಿದಳು. ಅವಳು ಅತ್ತಿದ್ದರೆ ಗದ್ದೆಪ್ಪ ಇನ್ನೊಂದು ಮಾತು ಬೈದು ಹಗುರಾಗುತ್ತಿದ್ದ. ಅವಳು ಅಳಲಿಲ್ಲ.

ಶುಕ್ರವಾರ ಮಧ್ಯಾಹ್ನ ಅಂಬಪ್ಪ ಮೊದಲೇ ಬಂದು ಕೂತಿದ್ದ. ಗೋಪಣ್ಣ ಇಸ್ತ್ರಿ ಅಂಗಿ ತೊಟ್ಟು ಮೋಟಾರ್‌ಸೈಕಲ್ ಮೇಲೆ ಬಂದ. ಬಸವಣ್ಣೆಮ್ಮ ಬಸ್ಸಿಗೆ ಬಂದು, ಸ್ಟ್ಯಾಂಡಿನಿಂದ ಬಿಸಿಲಲ್ಲಿ ನಡೆದು ಏದುಸಿರು ಬಿಡುತ್ತ ಒಳಗೆ ಕಾಲಿಟ್ಟಳು. ಉಸ್ಮಾನ್‌ಸಾಬ್ ಬಾಗಿಲ ಚೌಕಟ್ಟಿಗೆ ಒರಗಿ ನಿಂತ.

ಗದ್ದೆಪ್ಪ ಡಬ್ಬಿಯ ಮುಚ್ಚಳ ಬಿಚ್ಚಿ, ಎರಡೂ ಫ್ಯಾನುಗಳನ್ನು ಟೇಬಲ್ ಮೇಲೆ ಇಟ್ಟ. “ನೋಡ್ರಿ, ಇವು ಎರಡು. ಒಂದು ತಣ್ಣಗ ಇಡತೈತಿ, ಒಂದು ಇಡಂಗಿಲ್ಲ. ಅವತ್ತು ಹಾಕಿದ್ದು ಇಡಲಾರದ್ದು. ಇವತ್ತು ನಿಮ್ಮ ಕಣ್ಣ ಮುಂದ ಛಲೋದು ಹಾಕತೀನಿ” ಎಂದು ಹಳೆಯ ಫ್ಯಾನಿಗೆ ಕೈ ಹಾಕಿದ.

“ಯಪ್ಪಾ, ಒಂದೀಟು ನೀರು ಕೊಡತಿ?” ಎಂದಳು ಬಸವಣ್ಣೆಮ್ಮ.

“ಬಂದಕೂಡ್ಲೆ ನೀರು!” ಗೋಪಣ್ಣ ತಿರುಗಿಯೂ ನೋಡಲಿಲ್ಲ. “ಬಾಯಿ ಮುಚ್ಚಿಕೊಂಡು ಕುಂದ್ರತಿಯೋ ಇಲ್ಲೋ? ಎಲ್ಲಿ ಹೋದ್ರೂ ಮಾನ ಕಳಿತಿ.”

ಬಸವಣ್ಣೆಮ್ಮ ನಕ್ಕಳು. ಎಲ್ಲರ ಮುಖವನ್ನೂ ಒಂದೊಂದು ಸಲ ನೋಡಿ, ಏನೂ ಆಗಿಲ್ಲ ಎನ್ನುವಂತೆ ನಕ್ಕು, ಒಣ ತುಟಿಯನ್ನು ನಾಲಿಗೆಯಿಂದ ಸವರಿಕೊಂಡು ಬೆಂಚಿನ ತುದಿಗೆ ಕೂತಳು. ಅಂಬಪ್ಪ ತನ್ನ ಕಾಲ ಬೆರಳನ್ನು ನೋಡುತ್ತಿದ್ದ.

ಗದ್ದೆಪ್ಪನ ಮೈ ಉರಿಯಿತು. ಥೂ ಇವರ! ಇವರ ಶಕುನವೇ, ಇವರ ಸಾಲಾವಳಿಯೇ! ಕಣ್ಣೆದುರಿಗೆ ನಡೆದದ್ದು ಕಾಣದವರಿಗೆ ಡಬ್ಬಿಯೊಳಗಿನದು ಬೇಕಂತೆ! ಅವನು ಹಳೆಯ ಫ್ಯಾನನ್ನು ಕೆಳಗಿಟ್ಟ. ಸಪ್ಪಳವಿಲ್ಲದ್ದನ್ನು ಎತ್ತಿ ಬಿಲ್ಲೆಯ ಮೇಲೆ ಕೂಡಿಸಿದ, ತಂತಿ ಸಿಕ್ಕಿಸಿದ.

“ಇದ ನೋಡ್ರಿ ಛಲೋದು” ಎಂದ.

ಯಂತ್ರ ಶುರುವಾಯಿತು. ಗಿರಣಿಯ ಸಪ್ಪಳ ಕೇಳಲಿಲ್ಲ. ಉಸ್ಮಾನ್‌ಸಾಬ್ ಒಮ್ಮೆ ಗದ್ದೆಪ್ಪನ ಕಡೆ ಹುಬ್ಬೇರಿಸಿ ನೋಡಿದ. ಆಮೇಲೆ ಗಡ್ಡ ಕೆರೆದುಕೊಳ್ಳುತ್ತ, “ಹಾಂ, ಅದ ಛಲೋದು” ಎಂದು ಬೀದಿಯ ಕಡೆ ಮುಖ ಮಾಡಿದ.

ಗದ್ದೆಪ್ಪ ಮೊದಲು ಹುಡುಗನ ಜಾತಕ ತೆಗೆದ, ಆಮೇಲೆ ಹುಡುಗಿಯದು, ಆಮೇಲೆ ಇನ್ನೊಮ್ಮೆ ನೋಡೋಣವೆಂದು ಹುಡುಗನದೇ. ತಗಡು ಕಾಯುತ್ತಿತ್ತು. ಕೊನೆಗೆ ಸಾಲಾವಳಿಗೆ ಕೊಟ್ಟ. ಗೆರೆ ಮುಂದೆ ಸರಿಯಿತು, ಇನ್ನಷ್ಟು ಸರಿಯಿತು, ನಿಂತಿತು.

“ಛೇ!” ಎಂದ ಅಂಬಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. “ಅಂದ್ರ ಫ್ಯಾನಿನ ಮಾತೆಲ್ಲಾ ಸುಳ್ಳೇನೋ ಗದ್ದೆಪ್ಪಾ?”

“ಹೂಂ ಮಾಮಾ. ಮಷೀನು ಇದನ್ನ ಒಪ್ಪವಲ್ದು” ಎಂದ ಗದ್ದೆಪ್ಪ. ಹಾಗೆ ಹೇಳಿದ ಬಾಯಿಗೆ ಅವನೇ ಹೊಡೆದುಕೊಳ್ಳಬೇಕು, ಅಷ್ಟು ಕಹಿಯಾಗಿತ್ತು ಆ ಮಾತು.

“ಏನ್ ಒಪ್ಪಂಗಿಲ್ಲ?” ಗೋಪಣ್ಣ ಎದ್ದು ನಿಂತ. “ಬಿಸಿ ಆದ್ರ ನಿಲ್ತೈತಿ ಅಂತ ನೀನ ಹೇಳಿ ಕಳಿಸಿದ್ದಿಲ್ಲ? ಈಗೂ ಬಿಸಿಯಾಗೇ ನಿಂತಿರಬೇಕು. ಮುಟ್ಟಿ ನೋಡಿದ್ರ ಗೊತ್ತಾತು.” ಡಬ್ಬಿಯ ಹತ್ತಿರ ಕೈ ಒಯ್ದವನು ಒಳಗಿನ ತಂತಿಗಳನ್ನು ಕಂಡು ಹಿಂದಕ್ಕೆ ತೆಗೆದುಕೊಂಡ. “ಕರೆಂಟ್ ಹೊಡಿತೈತೋ ಏನೋ. ಯವ್ವಾ, ಬಾ ಇಲ್ಲಿ. ನೀ ಮುಟ್ಟು.”

“ಬ್ಯಾಡಬೇ, ಕೈ…” ಎಂದು ಗದ್ದೆಪ್ಪ ಅಡ್ಡ ಬಂದ.

“ನೀ ಸರಿಯಲೇ ಅತ್ತ! ಯವ್ವಾ, ಮುಟ್ಟಂದ್ನೆಲ್ಲ?”

ಬಸವಣ್ಣೆಮ್ಮ ಎದ್ದು ಬಂದಳು. ಫ್ಯಾನಿನ ಕೆಳಗಿನ ಬಿಲ್ಲೆಯ ಅಂಚಿಗೆ ನಾಲ್ಕೂ ಬೆರಳು ಇಟ್ಟಳು. ಅವಳ ಕಣ್ಣುಗಳು ಒಮ್ಮೆಗೇ ಅಗಲವಾದವು. ಗದ್ದೆಪ್ಪನನ್ನು ನೋಡಿದಳು, ಮಗನನ್ನು ನೋಡಿದಳು. ಕೈ ತೆಗೆಯಲಿಲ್ಲ.

“ಏನು, ಬಿಸಿ ಐತೇನು?”

“ಇಲ್ಲಪಾ” ಎಂದಳು ಬಸವಣ್ಣೆಮ್ಮ. “ತಣ್ಣಗೈತಿ.”

“ಖರೇನ?”

“ಖರೇನ. ಬ್ಯಾಡ ಬಿಡ್ರಿ ಅಣ್ಣಾರ. ನಿಮ್ಮ ಹುಡುಗಿ ನಮ್ಮ ಮನಿಗೆ ಬ್ಯಾಡ.”

ಆಮೇಲೆ ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅಂಬಪ್ಪ ಅವಳಿಗೆ ಕೈಮುಗಿದ. ಗೋಪಣ್ಣ ಬಾಗಿಲು ಒದ್ದು ಹೊರಬಿದ್ದ, ಮೋಟಾರ್‌ಸೈಕಲ್ಲಿನ ಸಪ್ಪಳ ಜವಳಗೇರಾದ ರಸ್ತೆಯ ಕಡೆ ದೂರವಾಯಿತು.

ಗದ್ದೆಪ್ಪ ಹೊರಗೆ ಬಂದಾಗ ಬಸವಣ್ಣೆಮ್ಮ ಉಸ್ಮಾನ್‌ಸಾಬನ ಅಂಗಡಿಯ ಮುಂದಿನ ನೀರಿನ ಗಡಿಗೆಯ ಹತ್ತಿರ ನಿಂತಿದ್ದಳು. ಉಸ್ಮಾನ್‌ಸಾಬ್ ತುಂಬಿಸಿ ಕೊಟ್ಟ ಲೋಟ ಅವಳ ಎಡಗೈಯಲ್ಲಿತ್ತು. ಅವಳು ಅದನ್ನು ಕುಡಿಯಲಿಲ್ಲ. ಬಲಗೈಯ ಬೆರಳುಗಳನ್ನು ಅದರೊಳಗೆ ಅದ್ದಿಕೊಂಡು, ಬಸ್ಸು ಬರುವ ದಾರಿಯನ್ನು ನೋಡುತ್ತ ನಿಂತಿದ್ದಳು.